ನೇರ ಓಟಕ್ಕೆ ಮೊದಲು ನೇರ ಅಚ್ಚು

ಅಮೆರಿಕದ ಓಹಾಯೋದಲ್ಲಿ ನೆಲೆಸಿರುವ ನನ್ನ ತಂಗಿಯ ಮಗನಿಗೆ ಹಳೆಯ ಕಾರುಗಳ ಹುಚ್ಚು. ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತು, ಶನಿವಾರ ಬಂತೆಂದರೆ ಡ್ರ್ಯಾಗ್ ಓಟದ ಪಥಕ್ಕೆ ಹೊರಡುತ್ತಾನೆ. ಈ ಆಟವನ್ನು ಅರಿಯದವರಿಗಾಗಿ ಒಂದು ಮಾತು: ಎರಡು ಕಾರುಗಳು ಪಕ್ಕಪಕ್ಕದಲ್ಲಿ ನಿಂತು, ದೀಪ ಹಸಿರಾದೊಡನೆ ಹೊರಟು, ಸುಮಾರು 402 ಮೀಟರ್, ಎಂದರೆ ಕಾಲು ಮೈಲಿಯ ನೇರ ದಾರಿಯನ್ನು ಯಾರು ಮೊದಲು ಮುಗಿಸುವರೆಂಬುದೇ ಪಂದ್ಯ. 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಂದು ರಾಷ್ಟ್ರೀಯ ಸಂಘ ಹುಟ್ಟಿತು. 1955ರಲ್ಲಿ ಕ್ಯಾನ್ಸಾಸ್‌ನ ಗ್ರೇಟ್ ಬೆಂಡ್‌ನಲ್ಲಿ ಅದರ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. ತಿರುವೇ ಇಲ್ಲದ ಓಟದಲ್ಲಿ ಕಷ್ಟವೇನಿದೆ ಎಂದು ನಾನೊಮ್ಮೆ ಅವನನ್ನು ಹಾಸ್ಯ ಮಾಡಿದ್ದೆ. ನೇರವಾಗಿ ಹೋಗುವುದೇ ಅಲ್ಲಿನ ಕಷ್ಟವೆಂದು ಈಗ ತಿಳಿದಿದೆ.

ಕೆಲವು ತಿಂಗಳ ಹಿಂದೆ ಅವನು ದೂರವಾಣಿಯಲ್ಲಿ, "ಮಾವ, ಹೊರಡುವಾಗಲೇ ಕಾರು ಬಲಕ್ಕೆ ಎಳೆಯುತ್ತೆ" ಎಂದ. ಗೆಳೆಯರ ಸಲಹೆಯಂತೆ ಹಿಂಬದಿಯ ಬಲ ಸ್ಪ್ರಿಂಗಿನೊಳಗೆ ಒಂದು ಗಾಳಿಚೀಲವನ್ನಿಟ್ಟು ಗಾಳಿ ತುಂಬಿದ್ದ. ಕಾರು ನೇರವಾಗಿ ಹೊರಟಿತು. ಎಲ್ಲರೂ ಬೆನ್ನು ತಟ್ಟಿದರು. ಮುಂದಿನ ಶನಿವಾರ ಅರ್ಧ ದಾರಿ ದಾಟಿದ ಮೇಲೆ, ವೇಗ ಗಂಟೆಗೆ 150 ಕಿಲೋಮೀಟರ್ ಮೀರಿದ್ದಾಗ, ಅದೇ ಕಾರು ಬಲಗಡೆಯ ಕಾಂಕ್ರೀಟ್ ಗೋಡೆಯತ್ತ ಸರಿಯತೊಡಗಿತು. ಹುಡುಗ ಕಾಲು ತೆಗೆದು ಪಾರಾದ. ಈ ಸಂಗತಿಯನ್ನು ಅವನ ತಾಯಿಗೆ ನಾನಿನ್ನೂ ಹೇಳಿಲ್ಲ. ಈ ಲೇಖನ ಓದಿ ಅವಳಿಗೆ ತಿಳಿದರೆ ತಿಳಿಯಲಿ.

ಕಾರು ಬಲಕ್ಕೇ ಏಕೆ ಎಳೆಯಬೇಕು? ಇದು ಹೈಸ್ಕೂಲಿನ ಭೌತಶಾಸ್ತ್ರ. ಎಂಜಿನ್ನು ಮುಂದೆಯೂ ಚಾಲಕ ಚಕ್ರಗಳು ಹಿಂದೆಯೂ ಇರುವ ಇಂಥ ಕಾರುಗಳಲ್ಲಿ, ಹಿಂದೆ ನಿಂತು ನೋಡಿದರೆ ಶಕ್ತಿಯನ್ನು ಒಯ್ಯುವ ಉದ್ದನೆಯ ಶಾಫ್ಟು ಸಾಮಾನ್ಯವಾಗಿ ಅಪ್ರದಕ್ಷಿಣವಾಗಿ ತಿರುಗುತ್ತದೆ. ಅದು ಹಿಂದಿನ ಅಚ್ಚನ್ನೂ ಅದೇ ದಿಕ್ಕಿಗೆ ತಿರುಚಲೆತ್ನಿಸುತ್ತದೆ. ಎಡಚಕ್ರ ನೆಲಕ್ಕೆ ಒತ್ತಲ್ಪಡುತ್ತದೆ, ಬಲಚಕ್ರ ಹಗುರಾಗುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಎಂಜಿನ್ನಿನ ತಿರುಚುಬಲ 500 ನ್ಯೂಟನ್-ಮೀಟರ್, ಟಾರ್ಕ್ ಕನ್ವರ್ಟರ್ ಅದನ್ನು 2 ಪಟ್ಟು, ಮೊದಲ ಗೇರು 2.5 ಪಟ್ಟು ಹೆಚ್ಚಿಸಿದರೆ ಶಾಫ್ಟಿನಲ್ಲಿ 2500. ಚಕ್ರಗಳ ನಡುವಿನ ಅಂತರ 1.5 ಮೀಟರ್ ಎಂದರೆ ಎಡಕ್ಕೆ ಸುಮಾರು 170 ಕಿಲೋಗ್ರಾಂ ಭಾರ ಕೂಡುತ್ತದೆ, ಬಲದಲ್ಲಿ ಅಷ್ಟೇ ಕಳೆಯುತ್ತದೆ. ಕಾರಿನ ದೇಹ ಬಲಕ್ಕೆ ವಾಲುವುದರಿಂದ ಇದರಲ್ಲೊಂದು ಪಾಲು ಸ್ಪ್ರಿಂಗುಗಳ ಮೂಲಕ ಹಿಂತಿರುಗುತ್ತದೆ, ಉಳಿದದ್ದು ಉಳಿಯುತ್ತದೆ. ಜೋಡಿ ಎತ್ತುಗಳಲ್ಲಿ ಎಡಗಡೆಯದು ಹೆಚ್ಚು ಎಳೆದರೆ ಬಂಡಿ ಬಲಕ್ಕೆ ಹೊರಳುವುದಿಲ್ಲವೇ? ಅದೇ ನ್ಯಾಯ.

ಬಲ ಹಿಂಬದಿಗೆ ಮೊದಲೇ ಒಂದಿಷ್ಟು ಭಾರವನ್ನು ಹೊರಿಸಿಡುವ ಉಪಾಯ ಹುಟ್ಟಿದ್ದು ಇದರಿಂದಲೇ. 1960ರ ದಶಕದಲ್ಲಿ ಕ್ರೈಸ್ಲರ್ ಸಂಸ್ಥೆ ಓಟದ ಕಾರುಗಳಿಗೆಂದು ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಪಟ್ಟಿ ಸ್ಪ್ರಿಂಗುಗಳನ್ನೇ ಒದಗಿಸಿತ್ತು. ಬ್ಯಾಟರಿಯನ್ನು ಡಿಕ್ಕಿಯ ಬಲಮೂಲೆಗೆ ಸಾಗಿಸುವುದೂ ಇದಕ್ಕಾಗಿಯೇ. ಉಪಾಯ ಸರಿಯೇ. ನನ್ನ ತಕರಾರು ಅದನ್ನು ಮೊದಲ ಮದ್ದಾಗಿ ಬಳಸುವುದರ ಬಗೆಗೆ.

ನನ್ನ ಒತ್ತಾಯಕ್ಕೆ ಹುಡುಗ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಮ್ಮ ಗಾರೆಯವರಂತೆ ತೂಕದ ಗುಂಡನ್ನು ಇಳಿಬಿಟ್ಟು, ನೆಲದ ಮೇಲೆ ಗುರುತು ಹಾಕಿ ಕರ್ಣಗಳನ್ನು ಅಳೆದ. ಹಿಂದಿನ ಅಚ್ಚು ಬಲತುದಿಯಲ್ಲಿ 6 ಮಿಲಿಮೀಟರ್ ಮುಂದಕ್ಕಿತ್ತು! ಅಚ್ಚನ್ನು ಹಿಡಿದಿಡುವ ತೋಳುಗಳನ್ನು ಅವನೇ ಬದಲಿಸಿದ್ದ. ಬಲಗಡೆಯದನ್ನು ಗಿಡ್ಡವಾಗಿ ತಿರುಪಿದ್ದ. ಅಚ್ಚು ಹಾಗೆ ಓರೆಯಾದರೆ ಕಾರು ಸದಾ ಬಲಕ್ಕೆ ತಿರುಗಲು ಹವಣಿಸುತ್ತದೆ. ಮೊದಲ ಗೇರಿನ ರಭಸದಲ್ಲಿ ಗಾಳಿಚೀಲ ಆ ದೋಷವನ್ನು ಮುಚ್ಚಿಟ್ಟಿತ್ತು. ಗೇರು ಏರಿದಂತೆ ಶಾಫ್ಟಿನ ತಿರುಚುಬಲ ಇಳಿಯಿತು, ಚಕ್ರಗಳ ತಳ್ಳುವಿಕೆಯೂ ಇಳಿಯಿತು, ಚೀಲದ ನೆರವು ಕುಂದಿತು. ಓರೆ ಮಾತ್ರ ಹಾಗೆಯೇ ಉಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಆದ್ದರಿಂದ ಕ್ರಮವೊಂದಿರಬೇಕು. ಮೊದಲು ಎರಡೂ ಹಿಂದಿನ ಟೈರುಗಳ ಗಾಳಿಯ ಒತ್ತಡ. ಬಳಿಕ ಅವುಗಳ ಸುತ್ತಳತೆ. ಎರಡು ಚಕ್ರಗಳನ್ನೂ ಒಂದೇ ವೇಗದಲ್ಲಿ ತಿರುಗಿಸುವ ಸ್ಪೂಲ್ ಇರುವ ಕಾರಿನಲ್ಲಿ ಒಂದು ಟೈರು ದೊಡ್ಡದಾದರೆ ಕಾರು ಚಿಕ್ಕದರ ಕಡೆಗೆ ಹೊರಳುತ್ತದೆ. ಆಮೇಲೆ ಅಚ್ಚಿನ ಚೌಕ, ಮುಂದಿನ ಚಕ್ರಗಳ ಜೋಡಣೆ, ಎಲ್ಲಿಯೂ ಬಿಗಿದು ಸಿಕ್ಕಿಕೊಳ್ಳದ ಕೀಲುಗಳು. ಆಮೇಲೆ ಚಾಲಕನನ್ನು ಕೂರಿಸಿಯೇ ನಾಲ್ಕೂ ಚಕ್ರಗಳ ತೂಕ. ಅಮೆರಿಕದಲ್ಲಿ ಚಾಲಕ ಎಡಕ್ಕೆ ಕೂರುವುದರಿಂದ ಖಾಲಿ ಕಾರಿನ ಲೆಕ್ಕ ಸುಳ್ಳಾಗುತ್ತದೆ. ಕಟ್ಟಕಡೆಗೆ ಬಲ ಹಿಂಬದಿಯ ಹೆಚ್ಚುವರಿ ಭಾರ, ಅದೂ ಸ್ವಲ್ಪಸ್ವಲ್ಪವಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಟ್ಟು.

"ಚುಕ್ಕಾಣಿ ಇದೆಯಲ್ಲ, ತಿದ್ದಿಕೊಂಡರಾಯಿತು" ಎನ್ನುವವರಿದ್ದಾರೆ. ರಭಸದಿಂದ ಹೊರಡುವಾಗ ಮುಂದಿನ ಚಕ್ರಗಳು ನೆಲವನ್ನೇ ಬಿಟ್ಟು ಮೇಲೇಳುವುದುಂಟು. ಗಾಳಿಯಲ್ಲಿರುವ ಚಕ್ರವನ್ನು ಎತ್ತ ತಿರುಗಿಸಿದರೇನು? ಸಾಲದ್ದಕ್ಕೆ, ತಿರುಗಿಸಿಟ್ಟುಕೊಂಡೇ ಅದು ನೆಲಕ್ಕಿಳಿದರೆ ಕಾರು ಆ ಕಡೆಗೆ ಹಾರೀತು. ಇನ್ನು, ಅನುಭವಿಗಳ ಗಾಳಿಚೀಲದಿಂದ ಎಷ್ಟೋ ಕಾರುಗಳು ನೆಟ್ಟಗಾಗಿವೆಯಲ್ಲ ಎಂಬ ವಾದ. ಒಪ್ಪುತ್ತೇನೆ, ಅಚ್ಚು ನೆಟ್ಟಗಿದ್ದ ಕಾರುಗಳು ಅವು. ಅಳೆಯದೆ ಅದನ್ನು ತಿಳಿಯುವ ಬಗೆ ಯಾವುದು?

ನನ್ನ ಪ್ರಯೋಗಾಲಯದಲ್ಲಿ ಸ್ಕ್ರೂಗೇಜು ಹಿಡಿದವರಿಗೆ ನೆನಪಿರಬಹುದು: ತಂತಿಯನ್ನು ಅಳೆಯುವ ಮೊದಲು ಶೂನ್ಯದೋಷವನ್ನು ಬರೆಯದಿದ್ದರೆ ನಾನು ಪುಸ್ತಕವನ್ನು ಹಿಂದಿರುಗಿಸುತ್ತಿದ್ದೆ. ಉತ್ತರವನ್ನು ಮೊದಲೇ ಅರಿತು ಅಳತೆಗಳನ್ನು ಅದಕ್ಕೆ ಹೊಂದಿಸಿ ಬರೆದವರೂ ಇದ್ದರು. ಉತ್ತರ ಸರಿಯಾಗಿರುತ್ತಿದ್ದುದರಿಂದ ಕೆಲವೊಮ್ಮೆ, ಪರೀಕ್ಷೆ ಸಮೀಪಿಸಿದಾಗ, ನಾನೂ ಕಣ್ಣುಮುಚ್ಚಿ ಅಂಕ ಕೊಟ್ಟದ್ದುಂಟು. ಅದು ತಪ್ಪೆಂದು ಇಂದು ಅನ್ನಿಸುತ್ತದೆ. ಆ ಗಾಳಿಚೀಲವೂ ಮಾಡಿದ್ದು ಅದನ್ನೇ: ಅಳತೆ ತಪ್ಪಿದ್ದರೂ ಉತ್ತರವನ್ನು ಸರಿಯಾಗಿ ತೋರಿಸಿದ್ದು.

ಹುಡುಗ ತೋಳನ್ನು ಸರಿಪಡಿಸಿ, ಚೀಲದ ಗಾಳಿಯನ್ನೆಲ್ಲ ತೆಗೆದು, ಮೊದಲಿನಿಂದ ಆರಂಭಿಸಿದ್ದಾನೆ. ಈಗ ಮೊದಲಿನ ಕಾಲುಭಾಗದಷ್ಟು ಗಾಳಿ ಸಾಕಾಗಿದೆಯಂತೆ. ಕಾರು ಕೊನೆಯವರೆಗೂ ನೇರವಾಗಿ ಹೋಗುತ್ತಿದೆ. ಪಂದ್ಯದಲ್ಲಿ ಗೆಲ್ಲುತ್ತಿದ್ದಾನೆಯೇ ಎಂದು ನಾನು ಕೇಳಿಲ್ಲ.