ಐದು ಲಕ್ಷದ ಲೆಕ್ಕ ಓಲಾಗೆ ಕಾಣುತ್ತಿಲ್ಲವೇಕೆ?

ಓಲಾ ಎಲೆಕ್ಟ್ರಿಕ್ ಉಳಿಯಬೇಕಾದರೆ ಏನು ಮಾಡಬೇಕು ಎಂಬ ಬಗ್ಗೆ ಸಲಹೆಗಳಿಗೆ ಬರವಿಲ್ಲ. ಸರ್ವಿಸ್ ಸರಿಮಾಡಿಕೊಳ್ಳಲಿ ಎನ್ನುತ್ತಾರೆ ಕೆಲವರು. ಪೆಟ್ರೋಲ್ ಬೈಕುಗಳ ದೊಡ್ಡ ಮಾರುಕಟ್ಟೆಗೆ ಕೈಹಾಕಲಿ ಎನ್ನುತ್ತಾರೆ ಇನ್ನು ಕೆಲವರು. ಸ್ವಂತ ಬ್ಯಾಟರಿ ಸೆಲ್ ಇದ್ದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಂಬಿದವರೂ ಇದ್ದಾರೆ. ಓಲಾ ಕಾರ್ಖಾನೆಯಿಂದ ಹೊರಬರುವ ಗಾಡಿ ಯಾರ, ಯಾವ ಕೆಲಸಕ್ಕೆ ಎಂಬ ಪ್ರಶ್ನೆಯನ್ನು ಮಾತ್ರ ಇವರಾರೂ ಎತ್ತುತ್ತಿಲ್ಲ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಈ ಕಂಪನಿ ಈಗ ಮಾಡಬೇಕಾದದ್ದು ಟಿವಿಎಸ್ ಎಕ್ಸೆಲ್ ಮಾದರಿಯ, ಹೊರೆ ಹೊರುವ, ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಒಯ್ಯಬಹುದಾದ ಅಗ್ಗದ ವಿದ್ಯುತ್ ಮೊಪೆಡ್. ಅದರ ಮೊದಲ ಗಿರಾಕಿಯನ್ನು ಕೋರಮಂಗಲದಲ್ಲಿ ಹುಡುಕಬೇಕಿಲ್ಲ, ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕುಗಳಲ್ಲಿ ಹುಡುಕಬೇಕು.

ಎಲ್ಲರೂ ಕಡೆಗಣಿಸುತ್ತಿರುವ ಒಂದು ಸಂಖ್ಯೆಯ ಮೇಲೆ ಈ ವಾದ ನಿಂತಿದೆ. 2024-25ರಲ್ಲಿ ದೇಶದಲ್ಲಿ ಮಾರಾಟವಾದ ಪೆಟ್ರೋಲ್ ಮೊಪೆಡ್‌ಗಳು 5 ಲಕ್ಷಕ್ಕೂ ತುಸು ಹೆಚ್ಚು. ಅಷ್ಟನ್ನೂ ಮಾಡಿದ್ದು ಒಂದೇ ಕಂಪನಿ, ಟಿವಿಎಸ್. ಎಲ್ಲಕ್ಕೂ ಹೆಸರು ಒಂದೇ, ಎಕ್ಸೆಲ್. ಅದೇ ವರ್ಷ ಓಲಾ ಗಿರಾಕಿಗಳಿಗೆ ಒಪ್ಪಿಸಿದ್ದು ಸುಮಾರು 3.59 ಲಕ್ಷ ಸ್ಕೂಟರ್. ಎಲ್ಲ ಕಂಪನಿಗಳನ್ನೂ ಸೇರಿಸಿದರೆ ದೇಶದ ವಿದ್ಯುತ್ ದ್ವಿಚಕ್ರ ವಾಹನಗಳ ನೋಂದಣಿ ಆ ವರ್ಷ ಹನ್ನೊಂದೂವರೆ ಲಕ್ಷದ ಆಸುಪಾಸು. ಅಂದರೆ ಸಬ್ಸಿಡಿಯ ಹಂಗಿಲ್ಲದ, ನಾಲ್ಕು ದಶಕ ಹಳೆಯ ಕಲ್ಪನೆಯ ಒಂದೇ ಒಂದು ಗಾಡಿ ಇಡೀ ವಿದ್ಯುತ್ ವಾಹನ ಕ್ಷೇತ್ರದ ಅರ್ಧಕ್ಕೆ ಹತ್ತಿರದಷ್ಟು ಮಾರಾಟವಾಗಿದೆ. ಏಪ್ರಿಲ್ 2024ರಲ್ಲಿ ವಿದ್ಯುತ್ ದ್ವಿಚಕ್ರ ಮಾರುಕಟ್ಟೆಯ ಅರ್ಧಕ್ಕೂ ಹೆಚ್ಚು ಪಾಲು ಹಿಡಿದಿದ್ದ ಓಲಾ, 2025ರ ಕೊನೆಯ ಹೊತ್ತಿಗೆ ಮೊದಲ ಮೂರು ಸ್ಥಾನಗಳಲ್ಲೂ ಇರಲಿಲ್ಲ. ಟಿವಿಎಸ್, ಬಜಾಜ್, ಏಥರ್‌ಗಳ ಜತೆ ನಗರದ ಸ್ಕೂಟರಿಗಾಗಿ ಅದು ಹೋರಾಡುತ್ತಿರುವ ಹೊತ್ತಿನಲ್ಲಿ, ಪ್ರತಿಸ್ಪರ್ಧಿಯೇ ಇಲ್ಲದ ಐದು ಲಕ್ಷದ ಮಾರುಕಟ್ಟೆ ಪಕ್ಕದಲ್ಲೇ ಬಿದ್ದಿದೆ.

ಈ ಐದು ಲಕ್ಷ ಯಾರು ಎಂದು ತಿಳಿಯಲು ರಾಷ್ಟ್ರೀಯ ಹೆದ್ದಾರಿ 766 ಸಾಕು. ಗುಂಡ್ಲುಪೇಟೆಯಿಂದ ನಂಜನಗೂಡು, ಮೈಸೂರು, ತಿ. ನರಸೀಪುರ ದಾಟಿ ಕೊಳ್ಳೇಗಾಲಕ್ಕೆ ಹೋಗುವ ಈ ರಸ್ತೆಯ ಎರಡೂ ಬದಿಗೆ ಕಪಿಲಾ, ಕಾವೇರಿ ನೀರಿನ ಗದ್ದೆ, ಬಾಳೆ ತೋಟ, ಕಬ್ಬಿನ ಹೊಲಗಳಿವೆ. ಹುಲ್ಲಹಳ್ಳಿ, ಕೌಲಂದೆ, ಸುತ್ತೂರು, ಬನ್ನೂರು, ಮೂಗೂರಿನ ಕಡೆಯ ರೈತನ ಒಂದೊಂದು ಓಡಾಟವೂ ಹತ್ತಿಪ್ಪತ್ತು ಕಿಲೋಮೀಟರ್ ಒಳಗಿನದು. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಆಮೇಲೆ ಗದ್ದೆಗೆ 45 ಕೆ.ಜಿ.ಯ ಯೂರಿಯಾ ಚೀಲ, ಸಂಜೆ ಹಸುವಿಗೆ ಹುಲ್ಲಿನ ಹೊರೆ, ಸಂತೆಯ ದಿನ ಸೊಪ್ಪು ತರಕಾರಿ ಅಥವಾ ಬಾಳೆಗೊನೆ. ಮನೆ ಮನೆಗೆ ಮೀನು ಮಾರುವವರು, ಬಟ್ಟೆಗಂಟು ಕಟ್ಟಿಕೊಂಡು ಹಳ್ಳಿ ಸುತ್ತುವವರು, ತಾಂಡವಪುರದ ಕಾರ್ಖಾನೆಗಳಿಗೆ ಶಿಫ್ಟ್ ಕೆಲಸಕ್ಕೆ ಹೋಗುವವರು ಕೂಡ ಇದೇ ಗಾಡಿಯ ಗಿರಾಕಿಗಳು. ಇವರು ಕೊಳ್ಳುವುದು ದುಡಿಮೆಯ ಸಲಕರಣೆ. ಕಾಲಿಡುವ ಜಾಗ ಸಪಾಟಾಗಿರಬೇಕು, ಹಿಂದಿನ ಸೀಟು ಕಳಚಿದರೆ ಮೂಟೆ ಕೂರಬೇಕು, ಗಾಲಿ ದೊಡ್ಡದಿರಬೇಕು, ಗದ್ದೆಯ ಬದುವಿನ ಮೇಲೆ ಹೆಂಗಸರೂ ವಯಸ್ಸಾದವರೂ ನೂಕಿಕೊಂಡು ಹೋಗುವಷ್ಟು ಹಗುರವಿರಬೇಕು. 90 ಕೆ.ಜಿ.ಗೂ ಕಡಿಮೆ ತೂಗುವ ಎಕ್ಸೆಲ್ ಇದನ್ನೆಲ್ಲ ಪೂರೈಸುತ್ತದೆ. ಇವತ್ತಿನ ಯಾವ ಜನಪ್ರಿಯ ವಿದ್ಯುತ್ ಸ್ಕೂಟರೂ ಇದನ್ನು ಪೂರೈಸುವುದಿಲ್ಲ.

ಈ ಮಾತನ್ನು ಈಗಲೇ ಎತ್ತಲು ಕಾರಣ ತೆರಿಗೆಯಲ್ಲಿ ಆದ ಬದಲಾವಣೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಪೆಟ್ರೋಲ್ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ವಿದ್ಯುತ್ ವಾಹನಗಳದ್ದು ಶೇ 5ರಲ್ಲೇ ಉಳಿಯಿತು. ತೆರಿಗೆ ಸೇರಿ 50,000 ರೂ. ಇದ್ದ ಪೆಟ್ರೋಲ್ ಗಾಡಿ ಇದರಿಂದ ಸುಮಾರು 46,000 ರೂ.ಗೆ ಬಂತು. ಇತ್ತ ಕೇಂದ್ರದ ಫೇಮ್-2 ಯೋಜನೆಯಲ್ಲಿ ಒಂದು ಕಾಲಕ್ಕೆ ಕಿಲೋವ್ಯಾಟ್ ಅವರ್‌ಗೆ 15,000 ರೂ. ಇದ್ದ ಸಬ್ಸಿಡಿ, ನಂತರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ 5,000ಕ್ಕೆ, ಏಪ್ರಿಲ್ 2025ರಿಂದ 2,500ಕ್ಕೆ ಕುಸಿಯಿತು. ಆಗಸ್ಟ್ 2025ರ ಅಧಿಸೂಚನೆ ಆ ಯೋಜನೆಯನ್ನು 2028ರವರೆಗೆ ವಿಸ್ತರಿಸಿದರೂ ದ್ವಿಚಕ್ರ ವಾಹನಗಳಿಗೆ ಮಾರ್ಚ್ 31, 2026ರ ಗಡುವನ್ನೇ ಇಟ್ಟಿತು. ಆ ಸಬ್ಸಿಡಿ ನಿಂತರೆ ಎರಡು ಕಿಲೋವ್ಯಾಟ್ ಅವರ್ ಬ್ಯಾಟರಿಯ ಗಾಡಿಗೆ 5,000 ರೂ. ನಷ್ಟ. ಎರಡನ್ನೂ ಕೂಡಿಸಿದರೆ ಬೆಲೆಯ ಪೈಪೋಟಿಯಲ್ಲಿ ವಿದ್ಯುತ್ ಗಾಡಿ ಸುಮಾರು 9,000 ರೂ. ಹಿಂದೆ ಬಿದ್ದಂತಾಗುತ್ತದೆ. ಹಾಗಾಗಿ ವಿದ್ಯುತ್ ಗಾಡಿ ಇನ್ನು ಗೆಲ್ಲಬೇಕಾದರೆ ದಿನನಿತ್ಯದ ಖರ್ಚಿನಲ್ಲೇ ಗೆಲ್ಲಬೇಕು. ಹೆಚ್ಚು ಓಡಾಡುವವನಿಗೆ ಮಾತ್ರ ಆ ಗೆಲುವು ಕಣ್ಣಿಗೆ ಕಾಣುತ್ತದೆ. ದಿನಕ್ಕೆ 40 ಕಿ.ಮೀ., ವರ್ಷಕ್ಕೆ 300 ದಿನ ಎಂದು ಹಿಡಿಯೋಣ. ಹೊರೆ ಹೊತ್ತ ಪೆಟ್ರೋಲ್ ಮೊಪೆಡ್ ಲೀಟರಿಗೆ 50 ಕಿ.ಮೀ. ಕೊಟ್ಟರೆ, ಪೆಟ್ರೋಲ್ ಬೆಲೆ ನೂರು ರೂಪಾಯಿ ದಾಟಿರುವ ಈ ರಾಜ್ಯದಲ್ಲಿ ವರ್ಷಕ್ಕೆ 24,000 ರೂ. ಬೇಕು. ಅಷ್ಟೇ ದೂರಕ್ಕೆ ವಿದ್ಯುತ್ ಗಾಡಿಗೆ ಸುಮಾರು 360 ಯೂನಿಟ್, ಅಂದರೆ ಎರಡೂವರೆ ಸಾವಿರ ರೂಪಾಯಿ. ತಿಂಗಳಿಗೆ 30 ಯೂನಿಟ್ ಎಂದರೆ ಎಷ್ಟೋ ಮನೆಗಳಿಗೆ ಅದೂ ಹೊರೆಯಲ್ಲ. ಕಚೇರಿಗೆ ಹೋಗಿ ಬರುವ ನಗರದ ಉದ್ಯೋಗಿಗೆ ಈ ಉಳಿತಾಯ ಒಂದು ಅನುಕೂಲ. ಹಾಲು, ಹುಲ್ಲು, ಗೊಬ್ಬರ ಹೊರುವವನಿಗೆ ಅದು ವರ್ಷದ ಆದಾಯಕ್ಕೆ ಸೇರುವ ಹಣ.

ಓಲಾ ಮಾತ್ರ ನೋಡುತ್ತಿರುವುದು ಮೇಲಿನ ಮೆಟ್ಟಿಲನ್ನೇ. 2022ರ ಆಗಸ್ಟ್ 15ರಂದು 500 ಕಿ.ಮೀ. ಓಡುವ ಕಾರು 2024ಕ್ಕೆ ಬರುತ್ತದೆ ಎಂದಿತು. ಆ ಕಾರು ಬರಲಿಲ್ಲ. 2024ರ ಆಗಸ್ಟ್ 15ರಂದು ರೋಡ್‌ಸ್ಟರ್ ಬೈಕು ತೋರಿಸಿತು. ವ್ಯಾಪಾರ ಇಳಿಮುಖವಾದಾಗ ದೊಡ್ಡ, ದುಬಾರಿ, ಗತ್ತಿನ ವಾಹನದ ಕಡೆ ತಿರುಗುವ ಈ ಚಾಳಿಗೆ ಮೈಸೂರಿನಲ್ಲೇ ಒಂದು ಪೂರ್ವನಿದರ್ಶನವಿದೆ. 1960ರಲ್ಲಿ ಹುಟ್ಟಿದ ಐಡಿಯಲ್ ಜಾವಾ ಯಾದವಗಿರಿಯ ಕಾರ್ಖಾನೆಯಲ್ಲಿ 250 ಸಿಸಿಯ ಜಾವಾ, ಯೆಜ್ಡಿಗಳ ಜತೆಗೆ 60 ಸಿಸಿಯ ಜೆಟ್, ಕೋಲ್ಟ್ ಎಂಬ ಪುಟ್ಟ ಗಾಡಿಗಳನ್ನೂ ಮಾಡುತ್ತಿತ್ತು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಎಂಬತ್ತರ ದಶಕದ ನಡುವೆ ಜಪಾನಿನ ಕಂಪನಿಗಳ ಸಹಯೋಗದ 100 ಸಿಸಿ ಬೈಕುಗಳು ಬಂದವು. ಗಿರಾಕಿ ಮೈಲೇಜಿಗೂ ಬೆಲೆಗೂ ತಿರುಗಿದ್ದ. ಆ ಹೊತ್ತಿನಲ್ಲಿ ಯಾದವಗಿರಿಯಿಂದ ಬಂದ ದೊಡ್ಡ ಉತ್ತರ ಯೆಜ್ಡಿ 350 ಟ್ವಿನ್, ಎರಡು ಸಿಲಿಂಡರಿನ ಭಾರಿ ಬೈಕು. ಅದನ್ನು ಮೆಚ್ಚುವವರು ಇಂದಿಗೂ ಇದ್ದಾರೆ, ಆದರೆ ಆಗ ಅದನ್ನು ಕೊಂಡವರು ಕಡಿಮೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಮಿಕ ತಕರಾರು, ಸಾಲ, ಹೊಗೆ ನಿಯಮಗಳೂ ಕಾರಣವಾದವು, ನಿಜ. ಆದರೂ ಸಣ್ಣ ಗಾಡಿಯ ನೆಲೆ ಕೈಯಲ್ಲಿದ್ದಾಗಲೇ ಅದನ್ನು ಬೆಳೆಸದೆ ಮೇಲೇರಿದ್ದು ಉಳಿದ ಕಾಯಿಲೆಗಳನ್ನೆಲ್ಲ ಮಾರಕವಾಗಿಸಿತು. ಬ್ರಿಟನ್ನಿನ ಮೋಟಾರ್‌ಸೈಕಲ್ ಕಂಪನಿಗಳು ಅರವತ್ತು, ಎಪ್ಪತ್ತರ ದಶಕಗಳಲ್ಲಿ ಸಣ್ಣ ಬೈಕುಗಳನ್ನು ಜಪಾನಿಗೆ ಬಿಟ್ಟುಕೊಟ್ಟು ದೊಡ್ಡವುಗಳಿಗೆ ಹಿಂದೆ ಸರಿದು ನಾಶವಾದದ್ದೂ ಇದೇ ದಾರಿಯಲ್ಲಿ. ಕೆಳಗಿನ ಮೆಟ್ಟಿಲು ಬಿಟ್ಟವರಿಗೆ ಮೇಲಿನದೂ ದಕ್ಕಲಿಲ್ಲ.

ಮೊಪೆಡ್ ಮಾರುಕಟ್ಟೆಯೇ ಕುಗ್ಗುತ್ತಿದೆಯಲ್ಲ ಎಂಬ ಆಕ್ಷೇಪ ಬರುತ್ತದೆ. ಅಂಕಿ ಅದನ್ನು ಸಮರ್ಥಿಸುತ್ತದೆ ಕೂಡ. 2018-19ರಲ್ಲಿ 8.8 ಲಕ್ಷ ಇದ್ದದ್ದು 2024-25ರಲ್ಲಿ 5 ಲಕ್ಷ. ಆದರೆ ಕುಸಿದದ್ದು ಯಾವಾಗ ಎಂದು ನೋಡಬೇಕು. ಕುಸಿತ 2019-20ರಲ್ಲೇ ಶುರುವಾಗಿತ್ತು, ಅದರ ಮೇಲೆ ಏಪ್ರಿಲ್ 2020ರಲ್ಲಿ ಬಿಎಸ್-6 ನಿಯಮ ಬಂದು ಬೆಲೆ ಏರಿತು, ಜತೆಗೇ ಕೋವಿಡ್ ಹಳ್ಳಿಯ ಕೈಯನ್ನು ಬರಿದುಮಾಡಿತು, ಪೆಟ್ರೋಲ್ ನೂರು ದಾಟಿತು. ಹಾಲು ಡೇರಿಗೆ ಹೋಗುವುದು ನಿಂತಿಲ್ಲ, ಗೊಬ್ಬರ ಗದ್ದೆಗೆ ಹೋಗುವುದು ನಿಂತಿಲ್ಲ. ಕೊಳ್ಳುವ ಶಕ್ತಿ ಕುಗ್ಗಿತು, ಹಳೆಯ ಗಾಡಿಯನ್ನೇ ಇನ್ನೆರಡು ವರ್ಷ ಓಡಿಸಿದರು. 2022-23ರಲ್ಲಿ ನಾಲ್ಕೂವರೆ ಲಕ್ಷಕ್ಕೂ ಕೆಳಗಿಳಿದಿದ್ದ ಮಾರಾಟ ಮತ್ತೆ ಏರಿರುವುದೇ ಇದಕ್ಕೆ ಸಾಕ್ಷಿ. ಬೆಲೆಯ ಕಾರಣಕ್ಕೆ ಹೊರಗುಳಿದ ಮೂರು ನಾಲ್ಕು ಲಕ್ಷ ಗಿರಾಕಿಗಳನ್ನು ಖರ್ಚು ಕಡಿಮೆಯ ಗಾಡಿಯಿಂದ ಮರಳಿ ಕರೆತರಬಹುದು.

ಅಗ್ಗದ ಗಾಡಿಯಲ್ಲಿ ಲಾಭವಿಲ್ಲ, ನಷ್ಟದ ಕಂಪನಿಗೆ ಅದನ್ನು ಹೇಳುವುದು ಸರಿಯೇ ಎಂಬುದು ಎರಡನೇ ಆಕ್ಷೇಪ. 2024-25ರಲ್ಲಿ ಓಲಾದ ನಷ್ಟ 2,276 ಕೋಟಿ ರೂ. ಅದನ್ನು ಮಾರಿದ ಗಾಡಿಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 63,000 ರೂ. ಅಂದರೆ ಓಲಾ ಪ್ರತಿ ಸ್ಕೂಟರಿನ ಮೇಲೆ ಹೆಚ್ಚು ಕಡಿಮೆ ಒಂದು ಎಕ್ಸೆಲ್ ಗಾಡಿಯ ಬೆಲೆಯಷ್ಟು ಕಳೆದುಕೊಂಡಿದೆ. ದುಬಾರಿ ಮಾದರಿಯಿಂದ ಲಾಭ ಬರುತ್ತದೆ ಎಂಬ ನಂಬಿಕೆಗೆ ಈ ಲೆಕ್ಕದಲ್ಲಿ ಏನೂ ಆಧಾರವಿಲ್ಲ. ಪರದೆ, ತಂತ್ರಾಂಶ, ವೇಗದ ಆಟವೆಲ್ಲ ತೆಗೆದ ಗಾಡಿಯಲ್ಲಿ ಕೆಡುವ ಭಾಗಗಳೂ ಕಡಿಮೆ, ವಾರಂಟಿಯ ಖರ್ಚೂ ಕಡಿಮೆ. ಹೋಂಡಾ ಕಂಪನಿ ಜಗತ್ತಿನ ದೈತ್ಯನಾದದ್ದು 1958ರಲ್ಲಿ ಅಂಗಡಿಯವರೂ ಮನೆಗೆ ಊಟ ತಲುಪಿಸುವ ಹುಡುಗರೂ ಬಳಸುವಂಥ ಸೂಪರ್ ಕಬ್ ಎಂಬ ಸಣ್ಣ ಗಾಡಿಯಿಂದ. 2017ಕ್ಕೆ ಅದರ ತಯಾರಿಕೆ 10 ಕೋಟಿ ಮುಟ್ಟಿತು. ನಮ್ಮ ಬೆಂಗಳೂರಿನ ರೇವಾ ಕಾರು ಇದಕ್ಕೆ ವಿರುದ್ಧವಾದ ಪಾಠ. 2001ರಲ್ಲೇ ವಿದ್ಯುತ್ ಕಾರನ್ನು ರಸ್ತೆಗಿಳಿಸಿದ ಧೈರ್ಯ ದೊಡ್ಡದು. ಆದರೆ ಮನೆಯ ಎರಡನೇ ವಾಹನ ಕೊಳ್ಳಬಲ್ಲ ನಗರದ ಕೆಲವರನ್ನು ನೆಚ್ಚಿದ ಆ ಕಾರು ಒಂದು ದಶಕದಲ್ಲಿ ಐದು ಸಾವಿರವನ್ನೂ ಮುಟ್ಟಲಿಲ್ಲ.

ಇ-ಲೂನಾ ಬಂದಿಲ್ಲವೇ, ಅದು ಎಕ್ಸೆಲ್‌ನ ಜಾಗ ಹಿಡಿಯಿತೇ ಎಂದು ಕೇಳಬಹುದು. ಫೆಬ್ರುವರಿ 2024ರಲ್ಲಿ ಪುಣೆಯ ಕೈನೆಟಿಕ್ ಗ್ರೀನ್ ತಂದ ಆ ಗಾಡಿ 150 ಕೆ.ಜಿ. ಹೊರುತ್ತದೆ, ಕಲ್ಪನೆ ಸರಿಯಾಗಿಯೇ ಇದೆ. ಬೆಲೆ ಮಾತ್ರ 69,990 ರೂ. ಇತ್ತು. ಎಕ್ಸೆಲ್‌ಗಿಂತ 15-20 ಸಾವಿರ ಹೆಚ್ಚು ಕೊಟ್ಟು, ಊರಿನ ಗ್ಯಾರೇಜಿನಲ್ಲಿ ರಿಪೇರಿಯಾಗುತ್ತದೋ ಇಲ್ಲವೋ ಎಂಬ ಅನುಮಾನವನ್ನೂ ಹೊತ್ತುಕೊಳ್ಳಲು ಸಣ್ಣ ರೈತ ಸಿದ್ಧನಿಲ್ಲ. ಬೆಲೆ ಇಳಿಸಲು ಬೇಕಾದ ಕಾರ್ಖಾನೆಯ ಗಾತ್ರ ಓಲಾಗೆ ಇದೆ. ಕೃಷ್ಣಗಿರಿಯಲ್ಲಿ ದೊಡ್ಡ ಸ್ಥಾವರ, ಸ್ವಂತ ಸೆಲ್ ಎರಡೂ ಇವೆ. ನವೆಂಬರ್ 2024ರಲ್ಲಿ ಅದೇ ಕಂಪನಿ ಗಿಗ್ ಎಂಬ ಗಾಡಿಗೆ 39,999, ಗಿಗ್ ಪ್ಲಸ್‌ಗೆ 49,999 ರೂ. ಎಂದು ಘೋಷಿಸಿತ್ತು. ಬಿಚ್ಚಬಹುದಾದ ಒಂದೂವರೆ ಕಿಲೋವ್ಯಾಟ್ ಅವರ್ ಬ್ಯಾಟರಿಯೂ ಅದರಲ್ಲಿತ್ತು. ಹಾಗಾದರೆ ಅಗ್ಗದ ಗಾಡಿ ಅಸಾಧ್ಯ ಎಂದು ಕಂಪನಿಯೇ ಹೇಳುವಂತಿಲ್ಲ. ತಪ್ಪಿದ್ದು ಗಿರಾಕಿಯನ್ನು ಗುರುತಿಸುವುದರಲ್ಲಿ. ಗಿಗ್‌ನ ಗರಿಷ್ಠ ವೇಗ ಗಂಟೆಗೆ 25 ಕಿ.ಮೀ. ನಗರದ ಬೀದಿಯಲ್ಲಿ ಪಾರ್ಸೆಲ್ ಹಂಚಲು ಅದು ಸಾಕಾದೀತು, ಲಾರಿಗಳ ನಡುವೆ ನಂಜನಗೂಡಿನ ಹೆದ್ದಾರಿ ದಾಟಬೇಕಾದವನಿಗೆ ಅದು ಅಪಾಯ. ಅಷ್ಟಾದರೂ ರಸ್ತೆಗೆ ಮೊದಲು ಇಳಿದದ್ದು ಗಿಗ್ ಅಲ್ಲ, ರೋಡ್‌ಸ್ಟರ್ ಬೈಕು.

ಬೇಕಿರುವ ಗಾಡಿಯ ಗುಣಗಳನ್ನು ಪಟ್ಟಿಮಾಡುವುದು ಕಷ್ಟವಲ್ಲ. ವೇಗ ಗಂಟೆಗೆ 50 ಕಿ.ಮೀ., ಸವಾರನೂ ಸೇರಿ 150 ಕೆ.ಜಿ. ಹೊರೆ, ಒಂದೊಂದನ್ನೂ ಒಂದು ಕೈಯಲ್ಲಿ ಎತ್ತಬಹುದಾದ ಎರಡು ಬ್ಯಾಟರಿ, ದೊಡ್ಡ ಗಾಲಿ, ಬಲವಾದ ಕ್ಯಾರಿಯರ್, ಸಬ್ಸಿಡಿಯಿಲ್ಲದೆ 60,000 ರೂ. ಒಳಗಿನ ಬೆಲೆ. ಕಷ್ಟವಿರುವುದು ನಂಬಿಕೆ ಗಳಿಸುವುದರಲ್ಲಿ. ಓಲಾ ವಿರುದ್ಧ ಬಂದ 10,644 ದೂರುಗಳ ಆಧಾರದ ಮೇಲೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಕ್ಟೋಬರ್ 2024ರಲ್ಲಿ ನೋಟಿಸ್ ಕೊಟ್ಟದ್ದು ಹಳ್ಳಿಗೂ ಗೊತ್ತು. ಇದಕ್ಕೆ ಇನ್ನಷ್ಟು ಷೋರೂಂ ತೆರೆಯುವುದು ಪರಿಹಾರವಾಗದು. ತಿ. ನರಸೀಪುರ, ಬನ್ನೂರು, ಹುಲ್ಲಹಳ್ಳಿಯ ಮೆಕ್ಯಾನಿಕ್‌ಗಳಿಗೆ ತರಬೇತಿ, ಬಿಡಿಭಾಗ, ದೋಷ ಪತ್ತೆಮಾಡುವ ಉಪಕರಣ ಕೊಟ್ಟು, ಅವರ ಗ್ಯಾರೇಜಿನಲ್ಲೇ ರಿಪೇರಿಯಾಗುವಂತೆ ಗಾಡಿಯನ್ನು ರೂಪಿಸಬೇಕು. ಬ್ಯಾಟರಿ ಸತ್ತರೆ ಗತಿಯೇನು ಎಂಬ ಭಯವೂ ನ್ಯಾಯವಾದದ್ದೇ. ಬ್ಯಾಟರಿಯನ್ನು ಬೇರೆ ಕಂತಿಗೆ ಕೊಟ್ಟು, ಆ ಕಂತನ್ನು ಉತ್ಪಾದಕರ ಒಪ್ಪಿಗೆಯಿಂದ ಹಾಲಿನ ಬಿಲ್ಲಿನಲ್ಲೇ ಕಡಿತ ಮಾಡಿಕೊಳ್ಳುವ ವ್ಯವಸ್ಥೆಯನ್ನು ಮೈಮುಲ್‌ನಂಥ ಹಾಲು ಒಕ್ಕೂಟಗಳೊಡನೆ ಮಾತಾಡಿ ಮಾಡಬಹುದು. ಪೆಟ್ರೋಲಿನಲ್ಲಿ ವರ್ಷಕ್ಕೆ ಉಳಿಯುವ 20 ಸಾವಿರ ರೂಪಾಯಿ ಆ ಕಂತನ್ನು ಧಾರಾಳವಾಗಿ ತೀರಿಸುತ್ತದೆ.

ಟಿವಿಎಸ್ ತಾನೇ ವಿದ್ಯುತ್ ಎಕ್ಸೆಲ್ ತಂದರೆ ಓಲಾ ಗತಿಯೇನು ಎಂಬುದು ಕೊನೆಯ ಮತ್ತು ಅತ್ಯಂತ ಗಟ್ಟಿಯಾದ ಆಕ್ಷೇಪ. ಮೈಸೂರು–ನಂಜನಗೂಡು ರಸ್ತೆಯ ಕಡಕೊಳದಲ್ಲೇ ಟಿವಿಎಸ್ ಕಾರ್ಖಾನೆ ಇದೆ. ಡೀಲರ್, ಮೆಕ್ಯಾನಿಕ್, ನಂಬಿಕೆ ಎಲ್ಲವೂ ಅದರ ಕಡೆಗಿವೆ. ಒಂದೇ ಅಡ್ಡಿ, ಪೆಟ್ರೋಲ್ ಎಕ್ಸೆಲ್ ಪ್ರತಿಸ್ಪರ್ಧಿಯಿಲ್ಲದೆ ಮಾರಾಟವಾಗುತ್ತಿರುವಾಗ ಅದನ್ನು ತಾನೇ ಕೊಲ್ಲುವ ಅವಸರ ಯಾವ ಕಂಪನಿಗೂ ಇರುವುದಿಲ್ಲ. ಓಲಾಗೆ ಅಂಥ ಹಿಂಜರಿಕೆಗೆ ಕಾರಣವಿಲ್ಲ, ಕಳೆದುಕೊಳ್ಳಲು ಪೆಟ್ರೋಲ್ ವ್ಯಾಪಾರವೇ ಇಲ್ಲ. ಅದಕ್ಕಿರುವ ಅನುಕೂಲ ಇದೊಂದೇ, ಅದೂ ಹೆಚ್ಚೆಂದರೆ ಎರಡು ಮೂರು ವರ್ಷದ ಮಟ್ಟಿಗೆ. ಆ ಅವಧಿಯನ್ನು ಇನ್ನೊಂದು ಬೈಕಿಗೆ, ಇನ್ನೊಂದು ಕಾರಿನ ಘೋಷಣೆಗೆ ಖರ್ಚುಮಾಡಿದರೆ ಓಲಾ ನಗರದ ಸ್ಕೂಟರ್ ಮಾರುಕಟ್ಟೆಯ ನಾಲ್ಕನೆಯದೋ ಐದನೆಯದೋ ಕಂಪನಿಯಾಗಿ ಸೊರಗುತ್ತದೆ. ನಂಜನಗೂಡಿನ ರೈತನಿಗೆ ವಿದ್ಯುತ್ ಗಾಡಿ ಒಂದಲ್ಲ ಒಂದು ದಿನ ಸಿಕ್ಕೇ ಸಿಗುತ್ತದೆ. ಅದನ್ನು ಕೊಟ್ಟು ಬದುಕಿಕೊಳ್ಳುವ ಅವಕಾಶ ಓಲಾದ ಕೈಯಲ್ಲಿರುವುದು ಈಗ ಮಾತ್ರ.