ಒಂದು ದೇಶ, ಒಂದು ಹಾಡು: ಆಯ್ಕೆಯ ಬಾಗಿಲಲ್ಲಿ ಕನ್ನಡ

ಹಲವು ಭಾಷೆಗಳ ದೇಶವೊಂದು ಜಗತ್ತಿನ ವೇದಿಕೆಗೆ ಒಂದೇ ಒಂದು ಹಾಡನ್ನು ಕಳುಹಿಸಬೇಕಾದರೆ, ಅದು ಯಾವ ಭಾಷೆಯ ಹಾಡಾಗಿರಬೇಕು? ಮೇಲ್ನೋಟಕ್ಕೆ ಇದು ಕೇವಲ ಮನರಂಜನೆಯ ಪ್ರಶ್ನೆಯಂತೆ ಕಾಣಬಹುದು. ಆದರೆ ಮನೆಯಲ್ಲೊಂದು, ಬೀದಿಯಲ್ಲೊಂದು, ಕಚೇರಿಯಲ್ಲಿ ಮತ್ತೊಂದು ಭಾಷೆಯನ್ನಾಡುತ್ತ ಬದುಕುವ ಚೆನ್ನೈ ಕನ್ನಡಿಗರಿಗೆ ಅದರ ಒಳಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಒಂದೇ’ ಎಂಬ ಮಾತು ಬಂದ ಕಡೆಯಲ್ಲೆಲ್ಲ ಉಳಿದವುಗಳ ಗತಿಯೇನು ಎಂಬ ಪ್ರಶ್ನೆಯೂ ಬೆನ್ನಿಗೇ ಬರುತ್ತದೆ.

ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದ ಭಾರತೀಯರ ಹಾಡುಗಳೆಂದರೆ ನಮಗೆ ಮೊದಲು ನೆನಪಾಗುವುದು ಆಸ್ಕರ್ ಪ್ರಶಸ್ತಿಯ ಅತ್ಯುತ್ತಮ ಗೀತೆಯ ವಿಭಾಗ. 2009ರ ಫೆಬ್ರವರಿಯಲ್ಲಿ ನಮ್ಮ ಚೆನ್ನೈಯವರೇ ಆದ ಎ. ಆರ್. ರೆಹಮಾನ್ ಅವರು ‘ಜೈ ಹೋ’ ಗೀತೆಗಾಗಿ ಕವಿ ಗುಲ್ಜಾರ್ ಅವರೊಡನೆ ಈ ಗೌರವಕ್ಕೆ ಪಾತ್ರರಾದರು. 2023ರ ಮಾರ್ಚ್‌ನಲ್ಲಿ ‘ಆರ್‌ಆರ್‌ಆರ್’ ಚಿತ್ರದ ತೆಲುಗು ಗೀತೆ ‘ನಾಟು ನಾಟು’ ಅದೇ ಪ್ರಶಸ್ತಿಯನ್ನು ಗೆದ್ದಿತು. ಅದರ ಸಂಗೀತ ನಿರ್ದೇಶಕರು ತಮಿಳರಿಗೆ ಮರಗತಮಣಿ ಎಂದು ಪರಿಚಿತರಾದ ಎಂ. ಎಂ. ಕೀರವಾಣಿ, ರಚನೆ ಚಂದ್ರಬೋಸ್ ಅವರದು.

ಈ ಎರಡು ಗೆಲುವುಗಳಲ್ಲಿ ಗಮನಿಸಬೇಕಾದ ಒಂದು ಸಾಮ್ಯವಿದೆ. ಎರಡು ಹಾಡುಗಳನ್ನೂ ಭಾರತವು ಆಯ್ದು ಕಳುಹಿಸಿರಲಿಲ್ಲ! ‘ಜೈ ಹೋ’ ಇದ್ದದ್ದು ಬ್ರಿಟಿಷ್ ನಿರ್ಮಾಣದ ‘ಸ್ಲಂಡಾಗ್ ಮಿಲಿಯನೇರ್’ ಚಿತ್ರದಲ್ಲಿ. ‘ಆರ್‌ಆರ್‌ಆರ್’ ಚಿತ್ರವಂತೂ ದೇಶದ ಅಧಿಕೃತ ಪ್ರವೇಶವಾಗಿ ಆಯ್ಕೆಯಾಗಲೇ ಇಲ್ಲ. 2022ರಲ್ಲಿ ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ನೇಮಿಸಿದ ಸಮಿತಿಯು ಗುಜರಾತಿಯ ‘ಛೆಲ್ಲೊ ಶೋ’ ಚಿತ್ರವನ್ನು ಆರಿಸಿತು. ಆ ಸಮಿತಿಯ ಅಧ್ಯಕ್ಷರು ನಮ್ಮವರೇ ಆದ ಟಿ. ಎಸ್. ನಾಗಾಭರಣ.

ಇಲ್ಲಿ ಎರಡು ಬಾಗಿಲುಗಳಿದ್ದುದನ್ನು ಓದುಗರು ಗಮನಿಸಬೇಕು. ಅಂತಾರಾಷ್ಟ್ರೀಯ ಚಿತ್ರಗಳ ವಿಭಾಗಕ್ಕೆ ಆಗ ಪ್ರತಿ ದೇಶವೂ ಒಂದು ಚಿತ್ರವನ್ನು ಮಾತ್ರ ಕಳುಹಿಸಬಹುದಾಗಿತ್ತು. ಗೀತೆಯ ವಿಭಾಗದಲ್ಲಿ ದೇಶದ ಪ್ರಾತಿನಿಧ್ಯದ ಮಾತೇ ಇಲ್ಲ. ಚಿತ್ರಕ್ಕೆಂದೇ ರಚಿತವಾದ ಹಾಡನ್ನು ಅದರ ತಯಾರಕರು ತಾವೇ ಮುಂದಿಡುತ್ತಾರೆ. ಅಕಾಡೆಮಿಯ ಸಂಗೀತ ಶಾಖೆಯ ಸದಸ್ಯರು ಅವುಗಳಲ್ಲಿ ಕೆಲವನ್ನು ಸೋಸುತ್ತಾರೆ. ದೇಶದ ಬಾಗಿಲು ಮುಚ್ಚಿದಾಗ ‘ನಾಟು ನಾಟು’ ಈ ಎರಡನೆಯ ಬಾಗಿಲಿನಿಂದ ಒಳಹೊಕ್ಕಿತು. ವಿದೇಶಗಳಲ್ಲಿ ಬಹುಮಂದಿ ಆ ಚಿತ್ರವನ್ನು ನೆಟ್‌ಫ್ಲಿಕ್ಸ್‌ನಲ್ಲಿ ಹಿಂದಿಯ ಧ್ವನಿಯಲ್ಲಿ ನೋಡಿದ್ದರು. ಆದರೂ ಆಸ್ಕರ್ ವೇದಿಕೆಯ ಮೇಲೆ ಹಾಡಿದ್ದು ತೆಲುಗಿನಲ್ಲೇ ಎಂಬುದು ಸಣ್ಣ ವಿಷಯವಲ್ಲ.

ನಾಗಾಭರಣರ ಸಮಿತಿ ತಪ್ಪು ಮಾಡಿತೆನ್ನುವುದು ಸುಲಭ, ಆದರೆ ನ್ಯಾಯವಲ್ಲ. ‘ಛೆಲ್ಲೊ ಶೋ’ ಅಂತಿಮ ಪಟ್ಟಿಗೆ ಬಾರದಿದ್ದರೂ ಅದಕ್ಕೆ ಮುಂಚಿನ ಹದಿನೈದು ಚಿತ್ರಗಳ ಪಟ್ಟಿಯವರೆಗೆ ಹೋಗಿತ್ತು. ದೊಡ್ಡ ಬಂಡವಾಳದ ಅಬ್ಬರಕ್ಕೆ ಮಣಿಯದೆ ಸಣ್ಣ ಚಿತ್ರವೊಂದನ್ನು ಆರಿಸಿದ ಧೈರ್ಯವೂ ಮೆಚ್ಚತಕ್ಕದ್ದೇ. ದೋಷವಿರುವುದು ಆರಿಸುವವರಲ್ಲಿ ಅಲ್ಲ, ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಚಿತ್ರ ತೆಗೆಯುವ ದೇಶಕ್ಕೆ ಒಂದೇ ಚೀಟಿ ಕೊಡುವ ವ್ಯವಸ್ಥೆಯಲ್ಲಿ.

ಇದರಿಂದ ಕನ್ನಡಕ್ಕೆ ಆಗಿರುವುದೇನು? 2018ರಲ್ಲಿ ಎಸ್. ವಿ. ರಾಜೇಂದ್ರಸಿಂಗ್ ಬಾಬು, 2022ರಲ್ಲಿ ನಾಗಾಭರಣ, 2023ರಲ್ಲಿ ಗಿರೀಶ ಕಾಸರವಳ್ಳಿ, ಹೀಗೆ ಆರು ವರ್ಷಗಳಲ್ಲಿ ಮೂರು ಬಾರಿ ಕನ್ನಡಿಗರೇ ಆಯ್ಕೆ ಸಮಿತಿಯ ಅಧ್ಯಕ್ಷ ಪೀಠದಲ್ಲಿದ್ದರು. 2023ರ ಆಯ್ಕೆ ಪ್ರಕಟವಾದದ್ದು ನಮ್ಮ ಈ ಚೆನ್ನೈಯಲ್ಲೇ. ಆದರೆ 1957ರ ‘ಮದರ್ ಇಂಡಿಯಾ’ದಿಂದ 2025ರ ‘ಹೋಮ್‌ಬೌಂಡ್’ವರೆಗಿನ ಪಟ್ಟಿಯಲ್ಲಿ ಒಂದೇ ಒಂದು ಕನ್ನಡ ಚಿತ್ರವೂ ಇಲ್ಲ. ತಮಿಳಿನ ‘ದೈವ ಮಗನ್’, ‘ನಾಯಕನ್’, ‘ವಿಸಾರಣೈ’ ಇವೆ. ತೆಲುಗು, ಮಲಯಾಳ, ಮರಾಠಿ, ಅಸ್ಸಾಮಿ ಚಿತ್ರಗಳಿವೆ. ‘ಸಂಸ್ಕಾರ’ವನ್ನೂ ‘ಘಟಶ್ರಾದ್ಧ’ವನ್ನೂ ಕೊಟ್ಟ ಭಾಷೆಗೆ ಮಾತ್ರ ಸರದಿ ಬಂದಿಲ್ಲ. ನಮ್ಮವರು ತೀರ್ಪುಗಾರರಾಗಿ ಕುಳಿತ ಮಾತ್ರಕ್ಕೆ ನಮ್ಮ ಭಾಷೆಗೆ ಸ್ಥಾನ ದೊರೆಯುವುದಿಲ್ಲ, ದೊರೆಯಲೂಬಾರದು. ಅವರು ನ್ಯಾಯವಾಗಿ ನಡೆದುಕೊಂಡರೆಂಬುದು ನಮಗೆ ಹೆಮ್ಮೆಯ ಸಂಗತಿಯೇ. ಆದರೆ ಏಳು ದಶಕಗಳ ಗೈರುಹಾಜರಿ ಕೇವಲ ಆಕಸ್ಮಿಕವೆಂದು ಒಪ್ಪುವುದು ಕಷ್ಟ.

ಹಾಡನ್ನೇ ದೇಶದ ಹೆಸರಿನಲ್ಲಿ ಕಳುಹಿಸುವ ಸ್ಪರ್ಧೆಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಯೂರೋಪಿನ ಯೂರೋವಿಷನ್. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊ ನಗರದಲ್ಲಿ ಏಳು ದೇಶಗಳೊಡನೆ ಅದು ಆರಂಭವಾಯಿತು. ಅಲ್ಲಿ ಸ್ಪರ್ಧಿಸುವುದು ಸರ್ಕಾರಗಳಲ್ಲ, ಆಯಾ ದೇಶದ ಪ್ರಸಾರ ಸಂಸ್ಥೆಗಳು. ಮನೆಯಲ್ಲಿ ಕುಳಿತ ವೀಕ್ಷಕರು ತಮ್ಮ ದೇಶದ ಹಾಡಿಗೆ ತಾವೇ ಮತ ಹಾಕುವಂತಿಲ್ಲ. ಭಾರತ ಅದರಲ್ಲಿ ಎಂದೂ ಸ್ಪರ್ಧಿಸಿಲ್ಲ. ಆದರೂ ಹಲವು ಭಾಷೆಗಳ ದೇಶಗಳು ಅಲ್ಲಿ ಕಂಡುಕೊಂಡ ದಾರಿಗಳಲ್ಲಿ ನಮಗೆ ಪಾಠವಿದೆ.

ಬೆಲ್ಜಿಯಂನಲ್ಲಿ ಡಚ್ ಭಾಷಿಕರಿಗೂ ಫ್ರೆಂಚ್ ಭಾಷಿಕರಿಗೂ ಬೇರೆ ಬೇರೆ ಪ್ರಸಾರ ಸಂಸ್ಥೆಗಳಿವೆ. ಒಂದು ವರ್ಷ ಒಂದು ಸಂಸ್ಥೆ ಆರಿಸಿದರೆ ಮರುವರ್ಷ ಇನ್ನೊಂದು ಆರಿಸುತ್ತದೆ. ನಾಲ್ಕು ರಾಷ್ಟ್ರಭಾಷೆಗಳ ಸ್ವಿಟ್ಜರ್ಲೆಂಡ್ 1989ರಲ್ಲಿ ಒಂದು ಲಕ್ಷಕ್ಕೂ ಕಡಿಮೆ ಜನರಾಡುವ ರೊಮಾನ್ಶ್ ಭಾಷೆಯ ಹಾಡನ್ನು ಕಳುಹಿಸಿತು. ಅದೂ ತನ್ನದೇ ನೆಲದಲ್ಲಿ, ಲೊಸಾನ್ ನಗರದಲ್ಲಿ ಸ್ಪರ್ಧೆ ನಡೆದ ವರ್ಷ. ಆ ಹಾಡು ಗೆಲ್ಲಲಿಲ್ಲ, ನಿಜ. ಆದರೆ ಬೆಟ್ಟದ ಕಣಿವೆಗಳ ಒಂದು ನುಡಿ ಇಡೀ ಯೂರೋಪಿನ ಕಿವಿಗೆ ಬಿತ್ತು. ಹಾಡು ಆಯಾ ದೇಶದ ಭಾಷೆಯಲ್ಲೇ ಇರಬೇಕೆಂಬ ನಿಯಮವನ್ನು 1999ರಲ್ಲಿ ಕೈಬಿಟ್ಟ ಮೇಲೆ ಇಂಗ್ಲಿಷ್ ಹಾಡುಗಳ ಪ್ರವಾಹವೇ ಹರಿಯಿತು. ಅದರ ನಡುವೆಯೂ 2007ರಲ್ಲಿ ಸರ್ಬಿಯನ್, 2017ರಲ್ಲಿ ಪೋರ್ಚುಗೀಸ್, 2021ರಲ್ಲಿ ಇಟಾಲಿಯನ್, 2022ರಲ್ಲಿ ಉಕ್ರೇನಿಯನ್ ಹಾಡುಗಳು ಗೆದ್ದಿವೆ. ಕೇಳುಗರಿಗೆ ಅರ್ಥವಾಗದ ಭಾಷೆ ಗೆಲ್ಲಲಾರದೆಂಬ ವಾದವನ್ನು ಇವು ಸುಳ್ಳು ಮಾಡುತ್ತವೆ.

ನಾಳೆ ಭಾರತವೂ ಇಂಥ ಸ್ಪರ್ಧೆಗೆ ಇಳಿದರೆ? ನಮ್ಮಲ್ಲಿ ಇದಕ್ಕೆ ಸಿದ್ಧವಾದ ಒಂದು ಉತ್ತರವಿದೆ: ಎಲ್ಲ ಭಾಷೆಗಳನ್ನೂ ಒಂದೇ ಹಾಡಿನೊಳಗೆ ಪೋಣಿಸುವುದು. 1988ರಲ್ಲಿ ದೂರದರ್ಶನದಲ್ಲಿ ಬಂದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಗೀತೆಯನ್ನು ಮರೆತವರಾರು? ಗದಗ ಸೀಮೆಯ ಭೀಮಸೇನ ಜೋಶಿಯವರ ಕಂಠದಿಂದ ಆರಂಭವಾಗುವ ಆ ಗೀತೆಯಲ್ಲಿ ಕನ್ನಡಕ್ಕೂ ಪಾಲಿತ್ತು. ಆದರೆ ಯೂರೋವಿಷನ್ ನಿಯಮದಂತೆ ಹಾಡು ಮೂರು ನಿಮಿಷ ಮೀರುವಂತಿಲ್ಲ. ಎಂಟನೆಯ ಅನುಸೂಚಿಯ 22 ಭಾಷೆಗಳನ್ನು ಅಷ್ಟರೊಳಗೆ ತುಂಬಿದರೆ ಪ್ರತಿಯೊಂದಕ್ಕೂ ದೊರೆಯುವುದು ಎಂಟು ಸೆಕೆಂಡು! ಅದು ಗೌರವಸೂಚಕವಾದೀತೇ ಹೊರತು ಹಾಡಾಗದು. ಬೆಲ್ಜಿಯಂನಂತೆ ಸರದಿ ಇಟ್ಟರೆ ಕನ್ನಡದ ಪಾಳಿ 22 ವರ್ಷಗಳಿಗೊಮ್ಮೆ ಬಂದೀತು. ಸಮಿತಿಗೇ ಬಿಟ್ಟರೆ ಏನಾಗುತ್ತದೆಂಬುದನ್ನು ಚಲನಚಿತ್ರಗಳ ಪಟ್ಟಿಯೇ ಹೇಳುತ್ತಿದೆ.

ಆದ್ದರಿಂದ ಉಳಿದಿರುವ ನ್ಯಾಯವಾದ ದಾರಿ ಒಂದೇ. ಮೊದಲು ಪ್ರತಿ ಭಾಷೆಯೊಳಗೆ ಬಹಿರಂಗ ಸ್ಪರ್ಧೆ ನಡೆದು ಒಂದೊಂದು ಹಾಡು ಗೆದ್ದು ಬರಬೇಕು. ಆಮೇಲೆ ಎಲ್ಲ ಹಾಡುಗಳನ್ನೂ ದೇಶದ ಮುಂದೆ ಹಾಡಿಸಬೇಕು. ಮತದಾನದಲ್ಲಿ ಯೂರೋವಿಷನ್ ನಿಯಮವನ್ನೇ ಅನುಸರಿಸಿ, ಯಾರೂ ತಮ್ಮ ಭಾಷೆಯ ಹಾಡಿಗೆ ಮತ ಕೊಡದಂತೆ ನೋಡಿಕೊಳ್ಳಬೇಕು. ಕೊನೆಯಲ್ಲಿ ಹೋಗುವುದು ಒಂದೇ ಹಾಡಾದರೂ, ಕೊಂಕಣಿಯ ಹಾಡನ್ನು ಪಂಜಾಬಿನವರೂ ಕನ್ನಡದ ಹಾಡನ್ನು ಅಸ್ಸಾಮಿನವರೂ ಒಮ್ಮೆಯಾದರೂ ಕೇಳಿರುತ್ತಾರೆ. ಆಯ್ಕೆಗಿಂತ ಈ ಕೇಳುವಿಕೆಯೇ ದೊಡ್ಡ ಲಾಭ.

ಅಂಥ ವ್ಯವಸ್ಥೆ ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ ಎಂಬುದಕ್ಕೆ ನಮ್ಮ ಊರೇ ಸಾಕ್ಷಿ. ಕನ್ನಡ ಚಿತ್ರಗೀತೆಗಳ ಸುವರ್ಣಯುಗದ ಬಹುಪಾಲು ಹಾಡುಗಳು ಧ್ವನಿಮುದ್ರಣಗೊಂಡದ್ದು ಕೋಡಂಬಾಕ್ಕಂ, ವಡಪಳನಿಯ ಸುತ್ತಮುತ್ತಲ ಸ್ಟುಡಿಯೋಗಳಲ್ಲಿ. ಅವುಗಳನ್ನು ಹಾಡಿದ ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ, ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಮನೆಮಾತು ಕನ್ನಡವಲ್ಲ. ಡಿಸೆಂಬರ್ ತಿಂಗಳ ಸಂಗೀತೋತ್ಸವದಲ್ಲಿ ಯಾವ ಸಭೆಗೆ ಹೋದರೂ ಕಚೇರಿಯ ಕೊನೆಯ ಭಾಗದಲ್ಲಿ ಪುರಂದರದಾಸರ ದೇವರನಾಮ ಕಿವಿಗೆ ಬೀಳುವುದು ಅಪರೂಪವಲ್ಲ. ಅದನ್ನು ಅಲ್ಲಿಗೆ ಕಳುಹಿಸಿದ್ದು ಯಾವ ಆಯ್ಕೆ ಸಮಿತಿಯೂ ಅಲ್ಲ. ಕಲಿಸುವವರಿದ್ದರು, ಕಲಿಯುವವರಿದ್ದರು, ಹಾಡು ಉಳಿಯಿತು.

2011ರ ಜನಗಣತಿಯಂತೆ ತಮಿಳುನಾಡಿನ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷಿಕರು ಶೇಕಡಾ ಎರಡಕ್ಕೂ ಕಡಿಮೆ. ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಮಾತನಾಡಬಲ್ಲರು, ಓದಲಾರರು, ಆದರೆ ಹಾಡಬಲ್ಲರು. ದೇಶದ ಬಾಗಿಲು ಕನ್ನಡದ ಹಾಡಿಗೆ ಎಂದು ತೆರೆಯುವುದೋ ನಾವು ಹೇಳಲಾರೆವು. ತೆರೆದ ದಿನ ಹಾಡುವ ಕಂಠಗಳು ನಮ್ಮ ಮನೆಗಳಲ್ಲಿರಬೇಕು. ಅಷ್ಟು ಮಾತ್ರ ನಮ್ಮ ಕೈಯಲ್ಲಿದೆ.