ಅನರ್ಥದಂಡದ ಹೊಸ ದೀಪ

ಜೈನ ಗೃಹಸ್ಥನ ಮನೆಯಲ್ಲಿ ದೀಪಕ್ಕೂ ಒಂದು ವ್ರತವಿತ್ತು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುತ್ತಿತ್ತು. ಹುಳು ಹಾಯುವ ಮಳೆಗಾಲದಲ್ಲಿ ಬತ್ತಿ ತಗ್ಗುತ್ತಿತ್ತು. ಕೆಲಸ ತೀರಿದೊಡನೆ ದೀಪ ಆರುತ್ತಿತ್ತು. ಇದು ಎಣ್ಣೆಯ ಉಳಿತಾಯಕ್ಕಾಗಿ ಹುಟ್ಟಿದ ರೂಢಿಯಲ್ಲ. ಬೆಳಕು ಇರುವೆಡೆಗೆ ಜೀವಗಳು ಬರುತ್ತವೆ, ಬಂದವು ಸಾಯುತ್ತವೆ, ಆ ಸಾವಿಗೆ ದೀಪ ಹಚ್ಚಿದವನ ಕೈ ಕಾರಣವಾಗುತ್ತದೆ ಎಂಬ ಸರಳ ವಿವೇಕದಿಂದ ಬೆಳೆದ ಆಚಾರ ಅದು. ಆ ವಿವೇಕವು ಅಡುಗೆಮನೆಯಲ್ಲಿ ಇನ್ನೂ ಅಲ್ಪಸ್ವಲ್ಪ ಉಳಿದಿದ್ದರೂ, ಅಂಗಳದಲ್ಲಿ ನಿಂತ ವಾಹನದ ಬಳಿಗೆ ಬರುವಷ್ಟರಲ್ಲಿ ಸಂಪೂರ್ಣವಾಗಿ ಮರೆತುಹೋಗುತ್ತಿದೆ.

ಸಮಾಜದ ಅನುಕೂಲವಂತ ಕುಟುಂಬಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹವ್ಯಾಸ ಹಬ್ಬಿದೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಒದಗುವ ಜೀಪನ್ನು ಕೊಳ್ಳುವುದು, ರಜೆ ಬಂದೊಡನೆ ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಬೆಟ್ಟದ ಹಾದಿ ಹಿಡಿಯುವುದು, ರಸ್ತೆ ಬಿಟ್ಟು ಕೆಸರಿನಲ್ಲಿ ಏರಿ ಇಳಿದು, ಇರುಳಿಗೆ ಡೇರೆ ಹಾಕಿ ತಂಗುವುದು. ಈ ವಿಹಾರಕ್ಕೆ ಜೀಪನ್ನು ಅಣಿಗೊಳಿಸುವಾಗ ಮೊದಲು ನಡೆಯುವ ಕೆಲಸವೇ ದೀಪದ ಜೋಡಣೆ. ಮಾಡಿನ ಮೇಲೆ ಉದ್ದನೆಯ ಎಲ್‌ಇಡಿ ಲೈಟ್ ಬಾರ್, ಬಂಪರಿನ ಮೇಲೆ ಜೋಡಿ ದೀಪಗಳು, ಬಿಡಾರದ ಸುತ್ತ ಬೆಳಕು ಚೆಲ್ಲಲು ಎಡಬಲಕ್ಕೆ ಮತ್ತೆರಡು. ಬ್ಯಾಟರಿಯಿಂದ ದಪ್ಪ ತಂತಿ ಎಳೆದು, ರಿಲೇ ಮತ್ತು ಫ್ಯೂಸ್ ಜೋಡಿಸಿ, ಚಾಲಕನ ಕೈಗೆಟುಕುವಲ್ಲಿ ಗುಂಡಿ ಇಟ್ಟರೆ ಗ್ಯಾರೇಜಿನ ಕೆಲಸ ಮುಗಿಯಿತು. ಆ ಗುಂಡಿಯನ್ನು ಒತ್ತುವ ಬೆರಳು ಶ್ರಾವಕನದಾಗಿದ್ದರೆ, ವಿಚಾರಣೆ ಅಲ್ಲಿಂದಲೇ ಆರಂಭವಾಗಬೇಕು.

ಮೊದಲು ಲೆಕ್ಕ ನೋಡಬೇಕು. ಒಂದು ಮೇಣದ ಬತ್ತಿ ಸುಮಾರು 12 ಲ್ಯೂಮೆನ್ ಬೆಳಕು ಕೊಡುತ್ತದೆ. ಇಂದಿನ ಸಾಧಾರಣ ಎಲ್‌ಇಡಿಯು ಪ್ರತಿ ವ್ಯಾಟಿಗೆ 100 ಲ್ಯೂಮೆನ್ನಿನಷ್ಟು ಕೊಡಬಲ್ಲದು. ಹಾಗಾದರೆ 100 ವ್ಯಾಟಿನ ಒಂದು ಲೈಟ್ ಬಾರ್ ಎಂದರೆ 10,000 ಲ್ಯೂಮೆನ್; ಅರ್ಥಾತ್ 800ಕ್ಕೂ ಹೆಚ್ಚು ಮೇಣದ ಬತ್ತಿಗಳು ಒಮ್ಮೆಗೇ ಉರಿದಂತೆ. ಮಳೆಗಾಲದ ಇರುಳಿನಲ್ಲಿ, ಕಾಡಿನ ನಡುವೆ, ಕೇವಲ ಊಟದ ತಟ್ಟೆ ಕಾಣಲೆಂದು 800 ದೀಪಗಳನ್ನು ಹಚ್ಚಿಟ್ಟು ಕುಳಿತ ಗೃಹಸ್ಥನನ್ನು ಕಂಡರೆ ಹಿರಿಯರು ಏನೆನ್ನುತ್ತಿದ್ದರು? ಎಣ್ಣೆ ಮತ್ತು ಬತ್ತಿಯ ಶ್ರಮ ಇಲ್ಲವಾದ ಮಾತ್ರಕ್ಕೆ ಆ ಪ್ರಶ್ನೆ ಇಲ್ಲವಾಗುವುದಿಲ್ಲ.

ಆ ಬೆಳಕಿನ ಸುತ್ತ ಏನು ನಡೆಯುತ್ತದೆ ಎಂಬುದನ್ನು ವಿಜ್ಞಾನ ಈಗ ಹೆಚ್ಚು ಸ್ಪಷ್ಟವಾಗಿ ಹೇಳುತ್ತಿದೆ. ಪತಂಗವು ದೀಪವನ್ನು ಮೋಹಿಸಿ ಬರುತ್ತದೆ ಎಂಬುದು ಕವಿಗಳ ಕಲ್ಪನೆ. ಅತಿವೇಗದ ಕ್ಯಾಮೆರಾಗಳಿಂದ ಕೀಟಗಳ ಹಾರಾಟವನ್ನು ಚಿತ್ರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯೇ ಕಾರಣವನ್ನು ಮುಂದಿಟ್ಟಿದೆ. ಹಾರುವ ಕೀಟವು ಆಕಾಶದ ಬೆಳಕಿನತ್ತ ಬೆನ್ನು ಮಾಡಿ ತನ್ನ ಸಮತೋಲ ಕಾಯ್ದುಕೊಳ್ಳುತ್ತದೆ. ಕೋಟ್ಯಂತರ ವರ್ಷಗಳಿಂದ ಇರುಳಿನಲ್ಲೂ ನೆಲಕ್ಕಿಂತ ಆಕಾಶವೇ ಹೆಚ್ಚು ಬೆಳಗಿದ್ದುದರಿಂದ ಈ ಸ್ವಭಾವ ಅದನ್ನು ಕಾಪಾಡಿತು. ನೆಲದ ಬಳಿ ಪ್ರಖರ ದೀಪ ಕಂಡರೆ ಅದು ದೀಪದತ್ತ ಬೆನ್ನು ತಿರುಗಿಸುತ್ತದೆ, ತಿರುಗಿಸುತ್ತ ಸುತ್ತುತ್ತದೆ, ಮೇಲುಕೆಳಗಾಗಿ ನೆಲಕ್ಕೆ ಬೀಳುತ್ತದೆ. ದಿಕ್ಕು ತಪ್ಪಿದ ಆ ಜೀವವು ಬಿಡಿಸಿಕೊಳ್ಳಲಾರದೆ ದಣಿಯುತ್ತದೆ, ಹಲ್ಲಿ ಕಪ್ಪೆಗಳಿಗೆ ಸುಲಭದ ಆಹಾರವಾಗುತ್ತದೆ, ಕಾಲಡಿಗೆ ಸಿಕ್ಕಿ ಸಾಯುತ್ತದೆ. ಪತಂಗ, ದುಂಬಿ, ನೊಣಗಳನ್ನು ಆಗಮವು ನಾಲ್ಕು ಇಂದ್ರಿಯಗಳುಳ್ಳ ಜೀವಗಳೆಂದು ಎಣಿಸಿದೆ. ಅವುಗಳಿಗೆ ಕಣ್ಣಿದೆ ಎಂದು ಗುರುತಿಸಿದೆ. ಆ ಕಣ್ಣನ್ನೇ ಈ ದೀಪ ಮೋಸಗೊಳಿಸುವುದು.

ಹಾನಿ ಸಾವಿಗಷ್ಟೇ ಸೀಮಿತವಲ್ಲ. ಮುಂಗಾರಿಗೆ ಮುನ್ನ, ಮೇ-ಜೂನ್ ತಿಂಗಳುಗಳಲ್ಲಿ, ಪಶ್ಚಿಮಘಟ್ಟದ ಕಾಡುಗಳಲ್ಲಿ ಮಿಂಚುಹುಳುಗಳು ಮರಮರವನ್ನೇ ಮಿನುಗಿಸುತ್ತವೆ. ಆ ಮಿನುಗು ಗಂಡುಹೆಣ್ಣುಗಳ ಪರಸ್ಪರ ಕರೆ. ಜೀಪಿನ ಬೆಳಕು ಬಿದ್ದ ಕಡೆ ಕರೆ ಕಾಣುವುದಿಲ್ಲ, ಉತ್ತರ ದೊರೆಯುವುದಿಲ್ಲ. ಅಲ್ಪಾಯುವಾದ ಆ ಹುಳುವಿಗೆ ಕಳೆದ ಇರುಳು ಮರಳಿ ಬರುವುದಿಲ್ಲ. ಇರುಳಿನಲ್ಲೇ ಬದುಕುವ ಕಾಡುಪಾಪ, ಗೂಬೆಗಳ ಕಣ್ಣುಗಳು ನಕ್ಷತ್ರದ ಬೆಳಕಿಗೆ ಹೊಂದಿಕೊಂಡಂಥವು. ಅವುಗಳ ಮುಖಕ್ಕೆ ಶೋಧದೀಪ ಹಿಡಿಯುವುದು ಹಿಂದೆ ಬೇಟೆಗಾರರ ಉಪಾಯವಾಗಿತ್ತು. ಜೀಪಿನ ಮೇಲಿನ ದೀಪದಿಂದ ಪ್ರಾಣಿಯ ಕಣ್ಣು ಕುಕ್ಕಿಸಿ, ಅದು ಬೆದರಿ ನಿಂತಾಗ ಗುಂಡು ಹೊಡೆಯುತ್ತಿದ್ದರು. ಇಂದು ಬಂದೂಕು ಹೋಗಿದೆ, ದೀಪ ಉಳಿದಿದೆ. ಬೇಟೆಯ ಅರ್ಧ ಸಾಮಗ್ರಿಯನ್ನು ಅಹಿಂಸೆಯ ಅನುಯಾಯಿಯು ಅಲಂಕಾರವೆಂದು ತಲೆಯ ಮೇಲೆ ಹೊತ್ತು ತಿರುಗುವುದು ಶೋಭಿಸುವ ಸಂಗತಿಯಲ್ಲ.

ಇದಕ್ಕಿಂತಲೂ ನೋವಿನ ಸಂಗತಿಯೆಂದರೆ ಈ ವಿಹಾರದ ಋತು. ಕೆಸರಿಲ್ಲದೆ ಈ ಕ್ರೀಡೆಗೆ ರುಚಿಯಿಲ್ಲ; ಆದ್ದರಿಂದ ಮಳೆಗಾಲವೇ ಅದಕ್ಕೆ ಪ್ರಶಸ್ತ ಕಾಲವೆನಿಸಿದೆ. ಅದೇ ತಿಂಗಳುಗಳಲ್ಲಿ ಪೂಜ್ಯ ಮುನಿವರ್ಯರೂ ಆರ್ಯಿಕೆಯರೂ ಚಾತುರ್ಮಾಸ ಕೈಗೊಂಡು ಒಂದೆಡೆ ನೆಲೆ ನಿಲ್ಲುತ್ತಾರೆ. ಕಾರಣ ಎಲ್ಲರಿಗೂ ತಿಳಿದದ್ದು: ಮಳೆಗೆ ನೆಲ ಜೀವಗಳಿಂದ ತುಂಬುತ್ತದೆ, ಹೆಜ್ಜೆಯಿಟ್ಟಲ್ಲೆಲ್ಲ ಹಿಂಸೆಯಾಗುತ್ತದೆ. ಬರಿಗಾಲಿನಲ್ಲಿ, ಪಿಂಛಿ ಹಿಡಿದು ನಡೆಯುವ ತ್ಯಾಗಿಗಳೇ ನಡಿಗೆಯನ್ನು ನಿಲ್ಲಿಸಿರುವ ಹೊತ್ತಿನಲ್ಲಿ, ಬೆಳಿಗ್ಗೆ ಅವರಿಗೆ ಆಹಾರದಾನ ಮಾಡಿದ ಮನೆಯಿಂದಲೇ ಸಂಜೆ ಒಂದೂವರೆ ಟನ್ನಿನ ಜೀಪು ಕೆಸರು ಅರೆಯಲು ಹೊರಡುವುದಾದರೆ ಆ ದಾನದ ಅರ್ಥವೇನು?

ಇದಕ್ಕೆ ಸಮರ್ಥನೆಗಳಿವೆ, ಅವನ್ನು ಒಂದೊಂದಾಗಿ ಪರೀಕ್ಷಿಸುವುದು ನ್ಯಾಯ.

ಮೊದಲನೆಯ ಸಮರ್ಥನೆ: ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನಷ್ಟೇ ವಿಧಿಸಲಾಗಿದೆ, ದೀಪಕ್ಕೆ ಹುಳು ಬೀಳುವುದು ಆರಂಭೀ ಹಿಂಸೆ, ಅದು ಸಂಸಾರಿಗೆ ಅನಿವಾರ್ಯ. ಈ ಮಾತಿನ ಪೂರ್ವಾರ್ಧ ಸರಿ, ಉತ್ತರಾರ್ಧ ತಪ್ಪು. ಆರಂಭೀ ಹಿಂಸೆಯೆಂದರೆ ಅಡುಗೆ, ಶುಚಿತ್ವ, ಮನೆಯ ನಿರ್ವಹಣೆಗಳಲ್ಲಿ ತಪ್ಪಿಸಲಾಗದೆ ಆಗುವಂಥದು. ಕೃಷಿ, ವಾಣಿಜ್ಯಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ರೋಗಿಯ ಬಳಿಗೆ ಇರುಳಲ್ಲಿ ಧಾವಿಸುವ ವೈದ್ಯನ ಕಾರಿನ ದೀಪಕ್ಕೂ, ಹಾಲು ಸಾಗಿಸುವ ವಾಹನದ ದೀಪಕ್ಕೂ ಈ ವಿಂಗಡಣೆಯಲ್ಲಿ ಸ್ಥಾನವಿದೆ. ವಿನೋದಕ್ಕೆ ಹಚ್ಚಿದ ದೀಪಕ್ಕೆ ಸ್ಥಾನವಿಲ್ಲ. ಅದರ ಸ್ಥಾನ ಬೇರೊಂದೆಡೆ ಇದೆ. ಅದರ ಹೆಸರು ಅನರ್ಥದಂಡ, ಪ್ರಯೋಜನವಿಲ್ಲದ ಪಾಪ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದರ ಐದು ಬಗೆಗಳನ್ನು ಹೇಳಿ, ಪ್ರಮಾದಚರ್ಯೆಯನ್ನು ವಿವರಿಸುವಾಗ ನಿಷ್ಫಲವಾಗಿ ನೆಲವನ್ನು ಕೆದಕುವುದು, ನೀರನ್ನು ಕಲಕುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಕದಡುವುದು, ಗಿಡಮರ ಕಡಿಯುವುದು, ತಾನು ಅಲೆಯುವುದು ಮತ್ತು ಇತರರನ್ನು ಅಲೆಸುವುದು ಎಂಬಿವನ್ನು ಎಣಿಸಿದ್ದಾರೆ. ಕೆಸರು ಹಾರಿಸಿ, ಹಳ್ಳ ದಾಟಿ, ಪೊದೆ ತರಿದು, ಬಿಡಾರದ ಬೆಂಕಿ ಹಾಕಿ, ಗೆಳೆಯರನ್ನು ಕೂಡಿಸಿಕೊಂಡು ಅಲೆಯುವ ಈ ಹವ್ಯಾಸವನ್ನು ಕಣ್ಣಾರೆ ಕಂಡು ಬರೆದಿದ್ದರೂ ಆ ಪಟ್ಟಿ ಇದಕ್ಕಿಂತ ಸಮರ್ಪಕವಾಗಿ ಇರುತ್ತಿರಲಿಲ್ಲ.

ಎರಡನೆಯ ಸಮರ್ಥನೆ ಹೆಚ್ಚು ಚತುರವಾದದ್ದು: ಬೆಳಕು ಹೆಚ್ಚಿದರೆ ದಾರಿಯ ಜೀವಗಳು ಕಾಣುತ್ತವೆ, ಊಟದಲ್ಲಿ ಬಿದ್ದ ಹುಳು ಕಾಣುತ್ತದೆ, ಆದ್ದರಿಂದ ಪ್ರಖರ ದೀಪವೇ ಅಹಿಂಸೆಗೆ ಸಹಾಯಕ. ಈ ಪ್ರಶ್ನೆ ಹೊಸದಲ್ಲ. ದೀಪ ಹಚ್ಚಿಕೊಂಡು ಇರುಳಲ್ಲಿ ಉಣ್ಣಬಹುದಲ್ಲವೇ ಎಂಬ ವಾದಕ್ಕೆ ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿಯೇ ಉತ್ತರ ಕೊಟ್ಟಿದ್ದಾರೆ. ದೀಪ ಹಚ್ಚಿದರೂ ಸೂರ್ಯನ ಬೆಳಕಿಲ್ಲದೆ ಉಣ್ಣುವವನು ಆಹಾರಕ್ಕೆ ಸೇರುವ ಸೂಕ್ಷ್ಮಜೀವಗಳ ಹಿಂಸೆಯನ್ನು ತಪ್ಪಿಸಲಾರನೆಂಬುದು ಅವರ ನಿರ್ಣಯ. ಸೂರ್ಯನ ಬೆಳಕು ಹುಳುವನ್ನು ತಟ್ಟೆಯತ್ತ ಎಳೆಯುವುದಿಲ್ಲ, ದೀಪ ಎಳೆಯುತ್ತದೆ. ದೀಪ ಮೊದಲು ಜೀವವನ್ನು ಕರೆತರುತ್ತದೆ, ಅನಂತರ ಅದನ್ನು ತೋರಿಸುತ್ತದೆ. ಮುನಿಗಳ ಈರ್ಯಾಸಮಿತಿಯೂ ಇದನ್ನೇ ಸಾರುತ್ತದೆ: ಹಗಲಿನ ಬೆಳಕಿನಲ್ಲಿ, ಜನ ತುಳಿದು ಜೀವರಹಿತವಾದ ಹಾದಿಯಲ್ಲಿ, ನಾಲ್ಕು ಮೊಳದಷ್ಟು ಮುಂದೆ ನೋಡುತ್ತ ನಡೆಯಬೇಕು. ರಸ್ತೆ ಬಿಟ್ಟು, ಯಾರೂ ತುಳಿಯದ ನೆಲವನ್ನೇ ಹುಡುಕಿ, ಇರುಳಿನಲ್ಲಿ ಸಾಗುವುದು ಈ ಮೂರಕ್ಕೂ ವಿಪರೀತ. ಗೃಹಸ್ಥನಿಗೆ ಮುನಿಯ ಸಮಿತಿ ಕಡ್ಡಾಯವಲ್ಲ, ನಿಜ. ಆದರೆ ಅದಕ್ಕೆ ಬೆನ್ನು ಹಾಕಿ ನಡೆಯುವುದು ಅವನ ಹಕ್ಕೂ ಅಲ್ಲ.

ಮೂರನೆಯ ಸಮರ್ಥನೆ: ಎಲ್‌ಇಡಿ ಮಿತವ್ಯಯಿ, ಪರಿಸರಕ್ಕೆ ಹಿತ, ಅದರಲ್ಲಿ ಅತಿನೇರಳೆ ಕಿರಣ ಬಹುತೇಕ ಇಲ್ಲ. ಇದರಲ್ಲಿ ಸತ್ಯಾಂಶವಿದೆ. ನೀಲಿ ಎಲ್‌ಇಡಿಯನ್ನು ಸಾಧಿಸಿ, ಕಡಿಮೆ ವಿದ್ಯುತ್ತಿನ ಬಿಳಿ ದೀಪಕ್ಕೆ ದಾರಿ ಮಾಡಿದ ಅಕಾಸಾಕಿ, ಅಮಾನೊ, ನಕಾಮುರ ಅವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದದ್ದು ಯೋಗ್ಯವೇ. ಆದರೆ ಜೀಪಿಗೆ ಕಟ್ಟುವ ತಣ್ಣನೆಯ ಬಿಳುಪಿನ ದೀಪವು ಮೂಲತಃ ಹಳದಿ ಲೇಪದ ಹಿಂದೆ ಅಡಗಿದ ನೀಲಿ ದೀಪ. ಅದರ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚು. ನೀಲಿಗೆ ಬಹುಪಾಲು ಕೀಟಗಳ ಕಣ್ಣು ಬೇಗ ಸ್ಪಂದಿಸುತ್ತದೆ. ಇನ್ನು ಮಿತವ್ಯಯದ ಮಾತು. ಹಳೆಯ ಹೆಡ್‌ಲೈಟಿನ 60 ವ್ಯಾಟಿನ ಬಲ್ಬಿಗೆ ಬದಲಾಗಿ ಅಷ್ಟೇ ಬೆಳಕನ್ನು ಕಡಿಮೆ ವಿದ್ಯುತ್ತಿನಲ್ಲಿ ಪಡೆದಿದ್ದರೆ ಅದು ಉಳಿತಾಯ. ಇರುವ ದೀಪದ ಮೇಲೆ ಮತ್ತೆ ನೂರು ವ್ಯಾಟು ಹೇರಿಕೊಳ್ಳುವುದು ಪರಿಗ್ರಹ. ಉಪವಾಸ ಮುರಿದು ಎರಡು ಹೊತ್ತಿನದನ್ನು ಒಮ್ಮೆಗೇ ಉಂಡವನನ್ನು ಯಾರೂ ಮಿತಾಹಾರಿ ಎನ್ನುವುದಿಲ್ಲ.

ಧರ್ಮದ ಮಾತು ರುಚಿಸದವರಿಗೆ ರಾಜ್ಯದ ಕಾನೂನು ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮವು, ವಿಶೇಷ ಸಂದರ್ಭದಲ್ಲಿ ನೋಂದಣಿ ಅಧಿಕಾರಿಯ ಪೂರ್ವಾನುಮತಿ ಇದ್ದ ಹೊರತು, ವಾಹನದ ಮುಂಭಾಗಕ್ಕೆ ಶೋಧದೀಪ ಜೋಡಿಸುವುದನ್ನು ನಿಷೇಧಿಸಿದೆ. 2019ರ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ಎರಡನ್ನೋ ವಿಧಿಸಲು ಅವಕಾಶ ಕೊಟ್ಟಿದೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈಯಲ್ಲಿ ರಾಜ್ಯವ್ಯಾಪಿ ಕ್ರಮ ಕೈಗೊಂಡರು. ಎದುರಿನ ಚಾಲಕ ಕುರುಡಾಗಿ ಮನುಷ್ಯರೇ ಸಾಯುತ್ತಾರೆಂಬುದು ಅದಕ್ಕೆ ಕಾರಣ. ಕಾಡುಪ್ರಾಣಿಗಳ ಸಾವು ತಪ್ಪಿಸಲೆಂದು ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧ ಜಾರಿಗೆ ಬಂದದ್ದು 2009ರಲ್ಲಿ. ಇರುಳನ್ನು ಇರುಳಿನ ಜೀವಗಳಿಗೆ ಬಿಟ್ಟುಕೊಡಬೇಕೆಂಬ ಮಾತನ್ನು ಸರ್ಕಾರ ಆದೇಶ ಹೊರಡಿಸಿ ಹೇಳಬೇಕಾಯಿತು. ಶ್ರಾವಕನಿಗೆ ಅದನ್ನು ಅವನ ಅಜ್ಜಿಯೇ ಹೇಳಿಕೊಟ್ಟಿದ್ದಳು.

ಕರ್ನಾಟಕದ ಗಡಿಗೆ ಅಂಟಿಕೊಂಡು, ಕ್ಯಾಸಲ್‌ರಾಕ್‌ನ ಕೆಳಗೆ, ಗೋವಾದ ಮೊಲ್ಲೆಮ್‌ನಲ್ಲಿ ಒಂದು ಅಭಯಾರಣ್ಯವಿದೆ. ಅದಕ್ಕಿರುವ ಹೆಸರು ಭಗವಾನ್ ಮಹಾವೀರ ಅಭಯಾರಣ್ಯ. ಅಭಯವೆಂಬ ಶಬ್ದದ ಪಕ್ಕದಲ್ಲಿ ವರ್ಧಮಾನ ಸ್ವಾಮಿಯ ನಾಮವನ್ನಿಟ್ಟ ಜಗತ್ತು ಜೈನರಿಂದ ಏನನ್ನು ನಿರೀಕ್ಷಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಂಥ ಕಾಡಿನ ಅಂಚಿನಲ್ಲಿ ಭಯ ಹುಟ್ಟಿಸುವ ಬೆಳಕನ್ನು ಹೊತ್ತು ನಿಲ್ಲುವ ವಾಹನದ ಗಾಜಿನ ಮೇಲೆ ಜೈನ ಪ್ರತೀಕವನ್ನು ಅಂಟಿಸುವುದು ಎಷ್ಟು ಉಚಿತ?

ದೋಷವನ್ನು ಯುವಕರ ಮೇಲೆಯೇ ಹೊರಿಸಿ ಹಿರಿಯರು ಪಾರಾಗುವಂತಿಲ್ಲ. ಕಾಡನ್ನು ನೋಡಬೇಕೆಂಬ ಯುವಕರ ಹಂಬಲ ಒಳ್ಳೆಯದು. ಹಾಳು ಮನರಂಜನೆಗಿಂತ ಎಷ್ಟೋ ಮೇಲು. ಆದರೆ ಜೀಪಿಗೆ ಹಣ ಕೊಟ್ಟವರು ತಂದೆತಾಯಿಗಳು. ಹಣ ಕೊಡುವಾಗ ಮೈಲೇಜು ಕೇಳಿದವರು ಅನರ್ಥದಂಡವ್ರತವನ್ನು ನೆನಪಿಸಲಿಲ್ಲ. ಕ್ಷೇತ್ರಗಳ ಆಡಳಿತ ಮಂಡಳಿಗಳೂ ಈ ವಿಚಾರದಲ್ಲಿ ನಿರ್ದೋಷಿಗಳಲ್ಲ. ಮಳೆಗಾಲದ ಇರುಳೆಲ್ಲ ಬಸದಿಯ ಗೋಪುರಕ್ಕೂ ಬೆಟ್ಟದ ಮೆಟ್ಟಿಲಿಗೂ ಪ್ರಖರ ಬಿಳಿ ದೀಪ ಹಚ್ಚಿಟ್ಟು, ಬೆಳಿಗ್ಗೆ ಅದೇ ಅಂಗಳದಲ್ಲಿ ರಾಶಿ ಬಿದ್ದ ಹುಳುಗಳನ್ನು ಪೊರಕೆಯಿಂದ ಗುಡಿಸಿ, ಅನಂತರ ಜೀವದಯೆಯ ಪ್ರವಚನ ಏರ್ಪಡಿಸುವ ಟ್ರಸ್ಟಿಗೆ ಯುವಕರನ್ನು ತಿದ್ದುವ ಅಧಿಕಾರ ಎಲ್ಲಿಂದ ಬರಬೇಕು?

ಆದ್ದರಿಂದ ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ವಾಹನದೊಂದಿಗೆ ಬಂದ ದೀಪಗಳೇ ಸಾಕು. ಮಾಡಿನ ಮೇಲೆ ಕಟ್ಟಿದ್ದನ್ನು ಬಿಚ್ಚಿಸಬೇಕು. ಚಾತುರ್ಮಾಸದ ನಾಲ್ಕು ತಿಂಗಳು ಜೀಪು ರಸ್ತೆ ಬಿಟ್ಟು ಇಳಿಯಕೂಡದು. ಉಳಿದ ಕಾಲದಲ್ಲಿ ಕಾಡಿನಂಚಿಗೆ ಹೋದವರು ಹಗಲಲ್ಲೇ ತಲುಪಿ, ಹಗಲಲ್ಲೇ ಉಂಡು, ಹೊತ್ತು ಮುಳುಗಿದ ಮೇಲೆ ಅಗತ್ಯವಿದ್ದಾಗ ಮಾತ್ರ ಕೆಂಪು ಅಥವಾ ಕಡುಹಳದಿ ಬಣ್ಣದ ಚಿಕ್ಕ ದೀಪವನ್ನು ನೆಲದತ್ತ ಮುಖಮಾಡಿ ಬಳಸಲಿ; ಅಂಥ ಬೆಳಕಿಗೆ ಕೀಟಗಳು ಕಡಿಮೆ ಬರುತ್ತವೆ. ಮಲೆನಾಡಿನ ದಾರಿಯಲ್ಲಿ ಹೊಂಬುಜವಿದೆ, ನರಸಿಂಹರಾಜಪುರವಿದೆ, ವರಂಗ, ಕಾರ್ಕಳಗಳಿವೆ; ಇರುಳು ತಂಗಲು ಡೇರೆಯೇ ಆಗಬೇಕೆಂದಿಲ್ಲ. ಟ್ರಸ್ಟುಗಳು ಅಲಂಕಾರದ ದೀಪಗಳನ್ನು ಮಳೆಗಾಲದಲ್ಲಿ ಆರಿಸಿ, ಮೆಟ್ಟಿಲಿಗೆ ಬೇಕಾದಷ್ಟು ಮಂದ ಹಳದಿ ಬೆಳಕನ್ನು ಮುಚ್ಚಿಗೆಯೊಡನೆ ಉಳಿಸಿಕೊಳ್ಳಲಿ. ಇದಕ್ಕೆ ದೇಣಿಗೆ ಬೇಕಿಲ್ಲ. ವಿದ್ಯುತ್ ಬಿಲ್ಲೇ ತಗ್ಗುತ್ತದೆ.

ದೀಪ ಆರಿಸಿದವರಿಗೆ ನಷ್ಟವೂ ಇಲ್ಲ. ಪ್ರಖರ ಬೆಳಕು ಕಂಡ ಮನುಷ್ಯನ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಹೊತ್ತು ಬೇಕು. ಆ ಅರ್ಧ ಗಂಟೆ ಸುಮ್ಮನೆ ಕುಳಿತವನಿಗೆ ಮರಗಳ ರೂಪ ತಿಳಿಯುತ್ತದೆ, ನಕ್ಷತ್ರಗಳು ಕಾಣುತ್ತವೆ, ಮಿಂಚುಹುಳುವಿನ ಕರೆಯೂ ಅದಕ್ಕೆ ದೊರೆತ ಉತ್ತರವೂ ಕಾಣುತ್ತದೆ. ಗುಂಡಿ ಒತ್ತಿದವನಿಗೆ ಕಾಣುವುದು ತನ್ನ ಜೀಪು ಮತ್ತು ಅದರ ಸುತ್ತ ಬಿದ್ದು ಒದ್ದಾಡುವ ರೆಕ್ಕೆಗಳು. ಇವೆರಡರಲ್ಲಿ ಯಾವುದನ್ನು ನೋಡಲು ಮಕ್ಕಳನ್ನು ಕಾಡಿಗೆ ಕರೆದೊಯ್ಯಬೇಕೆಂಬುದನ್ನು ಪ್ರತಿಯೊಂದು ಕುಟುಂಬವೂ ಮುಂದಿನ ಚಾತುರ್ಮಾಸಕ್ಕೆ ಮುನ್ನ ನಿಶ್ಚಯಿಸಿಕೊಳ್ಳಲಿ.